ಗುಳ್ಳೆ ಮಷೀನ್, ಸ್ಟೀಲ್ ಬೋಗುಣಿ, ನೀರಿಲ್ಲದ ಪೆಡಿಕ್ಯೂರ್: ಸಾಲಾಗಿ ಗಿರಾಕಿಗಳಿದ್ದ ದಿನ ಯಾವುದು ಕೈ ಹಿಡಿಯಿತು?

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಶುಕ್ರವಾರ, ಒಂದೇ ದಿನಕ್ಕೆ ಏಳು ಪೆಡಿಕ್ಯೂರ್ ಬರೆದುಕೊಂಡಿದ್ದೆ. ಬಳ್ಳಾರಿಯಲ್ಲಿ ನನ್ನದು ಎರಡೇ ಕುರ್ಚಿಯ ಪಾರ್ಲರ್. ನಾನು, ಜೊತೆಗೆ ಕೆಲಸ ಕಲಿಯುತ್ತಿರುವ ಒಬ್ಬ ಹುಡುಗಿ. ಮಧ್ಯಾಹ್ನ ಮೂರರ ಹೊತ್ತಿಗೆ ಮುಕ್ಕಾಲು ಗಂಟೆ ಹಿಂದೆ ಬಿದ್ದಿದ್ದೆ. ಐದನೆಯವರು ಬಂದು ಕುಳಿತಾಗ ನಿಪ್ಪರ್ (ಉಗುರಿನ ಸುತ್ತಲಿನ ಚರ್ಮ ಕತ್ತರಿಸುವ ಚಿಮಟ) ಮತ್ತು ಪುಷರ್ (ಆ ಚರ್ಮವನ್ನು ಹಿಂದೆ ತಳ್ಳುವ ಕಡ್ಡಿ)ಗಳನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಅವರ ಕಾಲಿಗೆ ಕೈ ಹಾಕಿದೆ. ನಾಲ್ಕನೆಯ ದಿನ ಅವರಿಂದ ಫೋನ್ ಬಂತು. ಹೆಬ್ಬೆರಳಿನ ಉಗುರಿನ ಬದಿ ಬಾತು ಕೀವು ಕಟ್ಟಿತ್ತು. ವೈದ್ಯರಲ್ಲಿಗೆ ಹೋಗಿ ಮಾತ್ರೆ ತೆಗೆದುಕೊಂಡರು, ವಾಸಿಯೂ ಆಯಿತು. ನನ್ನ ನಿಪ್ಪರ್‌ನಿಂದಲೇ ಹಾಗಾಯಿತೆಂದು ಯಾರೂ ಸಾಧಿಸಿ ತೋರಿಸಲಾರರು. ಆದರೆ ಹಾಗಾಗಿಲ್ಲ ಎಂದು ಧೈರ್ಯವಾಗಿ ಹೇಳಲು ನನ್ನ ಬಳಿಯೂ ಏನೂ ಇರಲಿಲ್ಲ. ಆ ಮಾತು ಬಹಳ ದಿನ ಮನಸ್ಸನ್ನು ಕೊರೆಯಿತು.

ಅಲ್ಲಿಂದ ಈಚೆಗೆ ಒಂದೊಂದು ವಿಧಾನವನ್ನೂ ಕೆಲವು ವಾರ ಬಿಡದೆ ಮಾಡಿ ನೋಡಿದ್ದೇನೆ. ಮೊಬೈಲಿನಲ್ಲಿ ಟೈಮರ್ ಇಟ್ಟು ಎಷ್ಟು ನಿಮಿಷ, ಎಷ್ಟು ಬಕೆಟ್ ನೀರು ಎಂದು ಬರೆದಿಟ್ಟಿದ್ದೇನೆ. ಇದೇ ಕೆಲಸ ಮಾಡುವ ಅಕ್ಕತಂಗಿಯರಿಗೆ ಆ ಬರಹ ಉಪಯೋಗಕ್ಕೆ ಬರಲಿ.

ಮೊದಲು ನನ್ನಲ್ಲಿದ್ದದ್ದು ಗುಳ್ಳೆ ಏಳುವ ಮಷೀನ್. ಕಾಲಿಟ್ಟರೆ ನೀರು ಬುಳುಬುಳು ಎನ್ನುತ್ತದೆ, ತಳದಲ್ಲಿ ಉರುಳೆಗಳು ಪಾದವನ್ನು ಒತ್ತುತ್ತವೆ. ಗಿರಾಕಿಗಳಿಗೆ ಅದರ ಮೇಲೆ ಬಹಳ ಪ್ರೀತಿ. ದಿನವಿಡೀ ಜೀನ್ಸ್ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡುವ ಹೆಣ್ಣುಮಕ್ಕಳು ಅದರಲ್ಲಿ ಕಾಲಿಟ್ಟು ಕಣ್ಣು ಮುಚ್ಚಿದರೆ ಎಬ್ಬಿಸಲು ನನಗೇ ಮನಸ್ಸು ಬರುತ್ತಿರಲಿಲ್ಲ. ಆದರೆ ಒಂದು ಸಂಜೆ ಅದರ ಉರುಳೆಗಳನ್ನು ಬಿಚ್ಚಿ ನೋಡಿದೆ. ಅಡಿಯಲ್ಲಿ ಚರ್ಮದ ಪುಡಿ, ಕೂದಲು, ಸ್ಕ್ರಬ್ಬಿನ ಹರಳು, ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಎಲ್ಲ ಸೇರಿ ಲೋಳೆಯಾಗಿ ಅಂಟಿದ್ದವು. ಪ್ರತಿದಿನ ತೊಳೆಯುತ್ತಿದ್ದೆ, ತೊಳೆದದ್ದು ಕಣ್ಣಿಗೆ ಕಾಣುವ ಭಾಗವನ್ನು ಮಾತ್ರ.

ಇದು ಸಣ್ಣ ವಿಷಯವಲ್ಲ. 2000ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಸಲೂನ್‌ಗೆ ಹೋಗಿಬಂದ ನೂರಕ್ಕೂ ಹೆಚ್ಚು ಮಂದಿಗೆ ಮೊಣಕಾಲಿನ ಕೆಳಗೆ ಬೇಗ ವಾಸಿಯಾಗದ ಗಂಟುಹುಣ್ಣುಗಳೆದ್ದವು. ಕಾರಣ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ ಸೂಕ್ಷ್ಮಾಣು. ಕಾಲು ನೆನೆಸುವ ತೊಟ್ಟಿಗಳಲ್ಲಿ ನೀರು ಎಳೆದುಕೊಳ್ಳುವ ಜಾಲರಿಯ ಹಿಂದೆ ಸೇರಿದ್ದ ಕೂದಲು ಮತ್ತು ಚರ್ಮದ ಕಸದಲ್ಲಿ ಅದು ಬೆಳೆದಿತ್ತು. ಪೆಡಿಕ್ಯೂರ್‌ಗೆ ಮುಂಚೆ ರೇಜರಿನಿಂದ ಕಾಲಿನ ಕೂದಲು ತೆಗೆದುಕೊಂಡಿದ್ದವರಿಗೆ ಅಪಾಯ ಹೆಚ್ಚಾಗಿತ್ತೆಂದೂ ತನಿಖೆಯಲ್ಲಿ ಕಂಡುಬಂತು. ಇದನ್ನು ಓದಿದ ಮೇಲೆ ನನ್ನ ಪ್ಯಾಕೇಜಿನ ಕ್ರಮವನ್ನೇ ಬದಲಾಯಿಸಿದೆ. ಮೊದಲು ವ್ಯಾಕ್ಸಿಂಗ್ ಮುಗಿಸಿ ಆಮೇಲೆ ಕಾಲು ನೆನೆಸುವ ರೂಢಿ ನನ್ನಲ್ಲಿತ್ತು. ವ್ಯಾಕ್ಸಿಂಗ್ ಆದ ಕಾಲಿನಲ್ಲಿ ಕೂದಲಿನ ಬುಡವೆಲ್ಲ ತೆರೆದ ಬಾಯಿ. ಅದನ್ನೇ ತೊಟ್ಟಿಗೆ ಇಳಿಸುತ್ತಿದ್ದೆವು. ಈಗ ಪೆಡಿಕ್ಯೂರ್ ಮೊದಲು, ವ್ಯಾಕ್ಸಿಂಗ್ ನಂತರ. ಹಿಂದಿನ ದಿನವೋ ಅಂದೇ ಬೆಳಿಗ್ಗೆಯೋ ಮನೆಯಲ್ಲಿ ಶೇವ್ ಮಾಡಿಕೊಂಡು ಬಂದವರಿಗೆ ಬೇರೆ ದಿನ ಕೊಡುತ್ತೇನೆ. ಕಾಸು ಖರ್ಚಿಲ್ಲದ ಬದಲಾವಣೆ ಇದು. ಎಲ್ಲ ಪಾರ್ಲರ್‌ಗಳೂ ನಾಳೆಯಿಂದಲೇ ಮಾಡಬಹುದು.

ಮಷೀನನ್ನು ಸರಿಯಾಗಿ ಶುಚಿ ಮಾಡಲು ಎಷ್ಟು ಹೊತ್ತು ಬೇಕು? ನೀರು ಚೆಲ್ಲಬೇಕು, ಉರುಳೆ ಬಿಚ್ಚಬೇಕು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಬೇಕು, ತೊಳೆಯಬೇಕು. ಮತ್ತೆ ನೀರು ತುಂಬಿ ಸೋಂಕುನಾಶಕ ಬೆರೆಸಿ ಮಷೀನ್ ಓಡಿಸುತ್ತಾ 10 ನಿಮಿಷ ಬಿಡಬೇಕು. ಆಮೇಲೆ ಚೆಲ್ಲಿ, ತೊಳೆದು, ಒರೆಸಬೇಕು. ಎಷ್ಟೇ ಚುರುಕಾಗಿ ಮಾಡಿದರೂ ನನಗೆ 24 ನಿಮಿಷಕ್ಕಿಂತ ಕಡಿಮೆ ಆಗಲಿಲ್ಲ. ನೀರು ಮೂರು ಬಾರಿ ತುಂಬಬೇಕಾದ್ದರಿಂದ ಒಬ್ಬರಿಗೆ ಎರಡು ಬಕೆಟ್ ಸಾಲದು. ನಲ್ಲಿ ನೀರು ದಿನವೂ ಬಾರದ ನಮ್ಮ ಊರಿನಲ್ಲಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ಕೊಟ್ಟು ತರಿಸಿದ ನೀರು ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದಿನಕ್ಕೆ ಇಬ್ಬರೇ ಬರುವ ಪಾರ್ಲರಿಗೆ ಮಷೀನ್ ಸರಿ. ಸಾಲಾಗಿ ಬರುವವರಿಗೆ ಅಲ್ಲವೇ ಅಲ್ಲ.

ಎರಡನೆಯದಾಗಿ ಹಿಡಿದದ್ದು ಪ್ಲಾಸ್ಟಿಕ್ ಟಬ್, ಅದರೊಳಗೆ ಒಬ್ಬರಿಗೊಂದು ತೆಳು ಪ್ಲಾಸ್ಟಿಕ್ ಹೊದಿಕೆ. ಕೆಲಸ ಮುಗಿದ ಮೇಲೆ ಹೊದಿಕೆಯನ್ನು ಎತ್ತಿ ಎಸೆದರಾಯಿತು ಎಂದು ಅಂಗಡಿಯವರು ಹೇಳಿದ್ದರು. ಅಷ್ಟು ಸುಲಭವಾಗಲಿಲ್ಲ. ಸಂಡೂರಿನ ಕಡೆಯಿಂದ ಬರುವ ನನ್ನ ಖಾಯಂ ಗಿರಾಕಿಯೊಬ್ಬರ ಹಿಮ್ಮಡಿ ಬೇಸಿಗೆಯಲ್ಲಿ ಗರಗಸದಂತಿರುತ್ತದೆ, ಬಿರುಕಿನೊಳಗೆ ಅದಿರಿನ ಕೆಂಪು ದೂಳು ಕೂತಿರುತ್ತದೆ. ಅವರು ಕಾಲು ಆಡಿಸಿದರೆ ಹೊದಿಕೆ ಹರಿಯುತ್ತದೆ, ನೀರು ಟಬ್ಬಿಗೆ ಇಳಿಯುತ್ತದೆ. ಹೊದಿಕೆ ಇದ್ದರೂ ಟಬ್ಬನ್ನು ಶುಚಿ ಮಾಡುವುದು ತಪ್ಪಲಿಲ್ಲ. ಮೇಲಾಗಿ ಪ್ಲಾಸ್ಟಿಕ್ ಟಬ್ಬಿಗೆ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ನಿಲ್ಲುತ್ತದೆ. ದಿನಾ ಹೊರಗೆ ಹೋಗುವ ಪ್ಲಾಸ್ಟಿಕ್ ಕಸ ನೋಡಿ ಮನಸ್ಸು ಒಪ್ಪಲಿಲ್ಲ.

ಮೂರನೆಯದು ಪಾತ್ರೆ ಅಂಗಡಿಯಿಂದ ತಂದ ಅಗಲವಾದ ಸ್ಟೀಲ್ ಬೋಗುಣಿಗಳು. ಒಂದಲ್ಲ, ಮೂರು. ಒಂದು ಗಿರಾಕಿಯ ಕಾಲ ಕೆಳಗೆ, ಇನ್ನೊಂದು ಸೋಂಕುನಾಶಕ ತುಂಬಿಕೊಂಡು ಒಳಗಿನ ಮೋರಿಯ ಬಳಿ, ಮೂರನೆಯದು ತೊಳೆದು ಒರೆಸಿ ಸಿದ್ಧ. ಇಲ್ಲಿ ನನಗೆ ಒಂದು ವಿಷಯ ತಿಳಿಯಿತು, ಎರಡು ವರ್ಷದಲ್ಲಿ ಕಲಿತದ್ದರಲ್ಲಿ ಇದೇ ದೊಡ್ಡದು. ಸೋಂಕುನಾಶಕಕ್ಕೆ ಬೇಕಾದ ಆ 10 ನಿಮಿಷವನ್ನು ಯಾರೂ 5 ಮಾಡಲಾರರು. ಕೈ ಎಷ್ಟು ಬೇಗ ಆಡಿದರೂ ಔಷಧಿ ತನ್ನ ಹೊತ್ತನ್ನೇ ತೆಗೆದುಕೊಳ್ಳುತ್ತದೆ. ಆದರೆ ಆ ಹತ್ತು ನಿಮಿಷ ನಾನು ಕಾಯುತ್ತಾ ನಿಲ್ಲಬೇಕಾಗಿಲ್ಲ. ಇನ್ನೊಂದು ಬೋಗುಣಿ ಇದ್ದರೆ ಸಾಕು. ಮಷೀನಿನಲ್ಲಿ 24 ನಿಮಿಷ ಕಟ್ಟಿಹಾಕುತ್ತಿದ್ದ ಕೆಲಸ ಇಲ್ಲಿ ನನ್ನ ಕೈಗೆ 3 ನಿಮಿಷ: ಚೆಲ್ಲು, ಸೋಪಿನಿಂದ ಉಜ್ಜು, ತೊಳೆ, ಔಷಧಿ ತುಂಬಿ ಇಡು. ಉಜ್ಜುವುದನ್ನು ಮಾತ್ರ ಬಿಡುವಂತಿಲ್ಲ. ಎಣ್ಣೆ, ಸೋಪಿನ ಜಿಡ್ಡು ಉಳಿದರೆ ಮೇಲಿನಿಂದ ಯಾವ ಔಷಧಿ ಸುರಿದರೂ ಅದು ಕೊಳೆಯ ಮೇಲೆಯೇ ನಿಲ್ಲುತ್ತದೆ.

ಯಾವ ಔಷಧಿ ಎಂಬುದರಲ್ಲೂ ಎರಡು ಪ್ರಯೋಗವಾಯಿತು. ಬ್ಲೀಚ್ ಅಗ್ಗ, ಎಲ್ಲ ಕಿರಾಣಿಯಲ್ಲೂ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಬೆರೆಸಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ, ದಿನವೂ ಹೊಸದಾಗಿ ಬೆರೆಸಬೇಕು. ಸ್ಟೀಲಿಗೆ ಚುಕ್ಕೆ ಚುಕ್ಕೆ ತೂತು ಹಿಡಿಸುತ್ತದೆ. ನನ್ನ ಒಂದು ಬೋಗುಣಿ ಹಾಗೆಯೇ ಹಾಳಾಯಿತು. ಒಂದು ದಿನ ನಮ್ಮ ಹುಡುಗಿ ಸುಣ್ಣದ ಕಲೆ ಹೋಗಲೆಂದು ಬ್ಲೀಚ್ ಇದ್ದ ಬೋಗುಣಿಗೇ ಆಸಿಡ್ ಸುರಿಯಲು ಹೊರಟಿದ್ದಳು. "ಅಕ್ಕಾ, ಎರಡೂ ಸೇರಿದರೆ ಇನ್ನೂ ಬೆಳ್ಳಗಾಗುತ್ತದಲ್ಲ?" ಎಂದಳು. ಓಡಿಹೋಗಿ ಕೈ ಹಿಡಿದೆ. ಬ್ಲೀಚಿಗೆ ಆಸಿಡ್ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಈಗ ಆಸ್ಪತ್ರೆಗೆ ಸಾಮಾನು ಪೂರೈಸುವ ಅಂಗಡಿಯಿಂದ ಕ್ವಾಟರ್ನರಿ ಅಮೋನಿಯಂ ಎಂಬ ಸೋಂಕುನಾಶಕ ದ್ರಾವಣ ತರುತ್ತೇನೆ. ಬೆಲೆ ಹೆಚ್ಚು, ಆದರೆ ವಾಸನೆ ಕಡಿಮೆ, ಸ್ಟೀಲೂ ಉಳಿಯುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಗೋಡೆಗೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.

ನೀರಿಲ್ಲದ ಪೆಡಿಕ್ಯೂರ್ ನಾಲ್ಕನೆಯದು. ಬಿಸಿನೀರಲ್ಲಿ ಹಿಂಡಿದ ಟವೆಲ್ ಸುತ್ತಿ, ಕ್ರೀಮ್ ಹಚ್ಚಿ, ಉಗುರು ಮತ್ತು ಹಿಮ್ಮಡಿಯ ಕೆಲಸ ಮಾಡುವುದು. ತೊಟ್ಟಿಯೇ ಇಲ್ಲದ ಮೇಲೆ ತೊಟ್ಟಿಯ ಚಿಂತೆಯೂ ಇಲ್ಲ. ಸಮಯ 35 ನಿಮಿಷ. ನೆನೆಯದ ಉಗುರು ಉಬ್ಬುವುದಿಲ್ಲವಾದ್ದರಿಂದ ಪಾಲಿಶ್ ಕೂಡ ಚೆನ್ನಾಗಿ ಕೂರುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ನಾನು ಇದನ್ನೇ ಮಾಡುತ್ತೇನೆ. ಅವರಲ್ಲಿ ಹಲವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆ, ನೀರು ಸುಡುತ್ತಿದ್ದರೂ ಗೊತ್ತಾಗುವುದಿಲ್ಲ, ಹೆಚ್ಚು ಹೊತ್ತು ನೆನೆದ ಚರ್ಮ ಬೇಗ ಸೀಳುತ್ತದೆ. ಆದರೆ ಉಳಿದವರಿಗೆ ಬೇಸಿಗೆಯಲ್ಲಿ ಇದು ಸಾಲುವುದಿಲ್ಲ. ಗಟ್ಟಿ ಹಿಮ್ಮಡಿ ಟವೆಲಿಗೆ ಮೆತ್ತಗಾಗುವುದಿಲ್ಲ. "ಯಾಕಮ್ಮ, ಕಾಲನ್ನು ನೀರಿಗೇ ಹಾಕಿಸಲಿಲ್ಲ, ದುಡ್ಡು ಮಾತ್ರ ಅಷ್ಟೇ?" ಎಂದು ಒಬ್ಬರು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು, ದರ ಇಳಿಸಿದೆ.

ಇನ್ನು ಉಪಕರಣಗಳು. ಸ್ಪಿರಿಟಿನಲ್ಲಿ ಒರೆಸುವುದನ್ನು ನಾನು ಮಾಡಿ ಕೆಟ್ಟಿದ್ದೇನೆ. ಶೇಕಡಾ 70ರ ಸ್ಪಿರಿಟ್ ಒಳ್ಳೆಯದೇ, ನೀರಿನ ಅಂಶ ಇರುವುದರಿಂದ 99ಕ್ಕಿಂತ ಚೆನ್ನಾಗಿ ಕೊಲ್ಲುತ್ತದೆ. ಆದರೆ ಒರೆಸಿದ್ದು ಬಳ್ಳಾರಿಯ ಸೆಕೆಗೆ ಅರೆಕ್ಷಣದಲ್ಲಿ ಆರಿಹೋಗುತ್ತದೆ, ಕೊಲ್ಲಲು ಬೇಕಾದಷ್ಟು ಹೊತ್ತು ಒದ್ದೆಯಾಗಿ ನಿಲ್ಲುವುದಿಲ್ಲ. ನೀಲಿ ಬೆಳಕಿನ ಯುವಿ (ನೇರಳಾತೀತ ಕಿರಣದ) ಪೆಟ್ಟಿಗೆ ನೋಡಲು ಭರವಸೆ ಹುಟ್ಟಿಸುತ್ತದೆ, ಗಿರಾಕಿಗಳೂ ಮೆಚ್ಚುತ್ತಾರೆ. ಅದರಿಂದ ತೆಗೆದ ನಿಪ್ಪರಿನ ಕೀಲನ್ನು ಭೂತಗನ್ನಡಿಯಲ್ಲಿ ನೋಡಿದಾಗ ಚರ್ಮದ ಚೂರು ಹಾಗೆಯೇ ಇತ್ತು. ಬೆಳಕು ಬಿದ್ದ ಕಡೆ ಮಾತ್ರ ಅದರ ಕೆಲಸ, ನೆರಳಿನಲ್ಲಿ ಇಲ್ಲ. ಶುಚಿಯಾದದ್ದನ್ನು ಇಟ್ಟುಕೊಳ್ಳುವ ಪೆಟ್ಟಿಗೆಯಾಗಿ ಈಗಲೂ ಇದೆ, ಶುಚಿ ಮಾಡುವ ಪೆಟ್ಟಿಗೆಯಾಗಿ ಅಲ್ಲ. ಬರೀ ಕುದಿಸುವುದೂ ಬಹುಪಾಲು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಬೀಜಕಗಳನ್ನು (ಕೆಲವು ಸೂಕ್ಷ್ಮಾಣುಗಳು ತಾಳುವ ಗಟ್ಟಿ ರೂಪ) ಬಿಟ್ಟುಬಿಡುತ್ತದೆ. ನಮ್ಮ ಗಡಸು ನೀರಿನಲ್ಲಿ ಕುದಿಸಿದರೆ ಉಪಕರಣದ ತುಂಬ ಸುಣ್ಣ.

ಕೆಲವು ತಿಂಗಳು ಪ್ರೆಷರ್ ಕುಕ್ಕರ್ ಬಳಸಿದೆ. ತತ್ವ ಸರಿಯಾದದ್ದೇ, 15 ಪೌಂಡ್ ಒತ್ತಡದಲ್ಲಿ ಹಬೆ 121 ಡಿಗ್ರಿಗೆ ಏರುತ್ತದೆ. ಆದರೆ ಒಳಗೆ ಅಷ್ಟು ಶಾಖ ನಿಜವಾಗಿ ಮುಟ್ಟಿತೇ, 20 ನಿಮಿಷ ನಿಂತಿತೇ ಎಂದು ತೋರಿಸುವುದು ಅದರಲ್ಲಿ ಏನೂ ಇಲ್ಲ. ಕೊನೆಗೆ ಹಣ ಕೂಡಿಟ್ಟು, ದಂತವೈದ್ಯರು ಇಟ್ಟುಕೊಳ್ಳುವಂಥ ಸಣ್ಣ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಉಪಕರಣ ಶುಚಿ ಮಾಡುವ ಯಂತ್ರ, ಕೊಂಡೆ. ಉಪಕರಣದ ಜೊತೆ ಇಡುವ ಪಟ್ಟಿ ಬಣ್ಣ ಬದಲಾಯಿಸಿದರೆ ಶಾಖ ತಲುಪಿದೆ ಎಂದರ್ಥ. ಇದು ದುಬಾರಿ, ನಿಜ. ಆದರೆ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವಂತ ಉಳಿಯಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ನಿಪ್ಪರಿಗೆ ಎಷ್ಟು ಸಲ ತಾಗಿರಬಹುದೆಂದು ಯೋಚಿಸಿದರೆ ಆ ಖರ್ಚು ನನಗೆ ಹೆಚ್ಚೆನಿಸಲಿಲ್ಲ. ಒಂದು ಸುತ್ತಿಗೆ ಬಿಸಿ, ಹಬೆ, ಒಣಗುವುದು ಎಲ್ಲ ಸೇರಿ ಮುಕ್ಕಾಲು ಗಂಟೆ ಬೇಕು, ಆದ್ದರಿಂದ ನಡುನಡುವೆ ಹಾಕುವುದಿಲ್ಲ. ನಿಪ್ಪರ್, ಪುಷರ್, ಕಟ್ಟರ್ ಸೇರಿದ ಆರು ಸೆಟ್ ಮಾಡಿಕೊಂಡು, ರಾತ್ರಿ ಎಲ್ಲವನ್ನೂ ಒಟ್ಟಿಗೆ ಹಾಕಿ, ಒಂದೊಂದು ಸೆಟ್ಟನ್ನು ಒಂದೊಂದು ಲಕೋಟೆಯಲ್ಲಿ ಇಡುತ್ತೇನೆ. ಬೋಗುಣಿಯ ಲೆಕ್ಕವೇ ಇಲ್ಲೂ.

ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲು, ಮರದ ಕಡ್ಡಿ, ಉಗುರು ತೀಡುವ ರಟ್ಟು ಯಾವ ಔಷಧಿಗೂ ಬಗ್ಗುವುದಿಲ್ಲ, ರಂಧ್ರದ ತುಂಬ ಕೊಳೆ ಹೀರುತ್ತವೆ. ಒಬ್ಬರಿಗೆ ಒಂದು, ಆಮೇಲೆ ಅವರ ಕೈಗೇ ಕೊಟ್ಟು ಕಳಿಸುತ್ತೇನೆ. ಹಿಮ್ಮಡಿಗೆ ಸ್ಟೀಲ್ ಹಿಡಿಯ ಮೇಲೆ ಅಂಟಿಸಿ ಕಿತ್ತೆಸೆಯುವ ಉಜ್ಜುಕಾಗದ. ಬ್ಲೇಡ್ ಹಾಕಿ ಚರ್ಮ ಹೆರೆಯುವ ಸಾಧನವನ್ನು ಪೂರ್ತಿ ಬಿಟ್ಟೆ.

ಸಮಯದ ಹೊಂದಾಣಿಕೆಯಲ್ಲಿ ಮೂರು ರೀತಿ ಮಾಡಿದೆ. 45 ನಿಮಿಷಕ್ಕೊಬ್ಬರಂತೆ ಅಂತರವಿಲ್ಲದೆ ಬರೆದುಕೊಂಡಾಗ ಮೂರನೆಯವರ ಹೊತ್ತಿಗೇ ತಡವಾಗುತ್ತಿತ್ತು; ತಡವಾದಾಗ ಮೊದಲು ಬಲಿಯಾಗುವುದು ಶುಚಿತ್ವ, ಮಸಾಜ್ ಅಲ್ಲ. ಯಾಕೆಂದರೆ ಮಸಾಜ್ ಕಡಿಮೆಯಾದರೆ ಗಿರಾಕಿ ಕೇಳುತ್ತಾರೆ, ಬೋಗುಣಿ ನೆನೆಸಿದ್ದು ಎಷ್ಟು ನಿಮಿಷವೆಂದು ಕೇಳುವವರಿಲ್ಲ. ಎರಡನೆಯದು ಎರಡು ಕುರ್ಚಿಯನ್ನೂ ಹೆಣೆಯುವುದು: ಒಬ್ಬರ ಕಾಲು ನೆನೆಯುವಾಗ ಇನ್ನೊಬ್ಬರಿಗೆ ಪಾಲಿಶ್. ಗಳಿಕೆ ಚೆನ್ನಾಗಿತ್ತು. ಆದರೆ ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಹೋಗುವಾಗಲೆಲ್ಲ ಕೈಗವಸು ಕಳಚಿ, ಕೈ ತೊಳೆದು, ಹೊಸದು ಹಾಕಿಕೊಳ್ಳಬೇಕು. ಒಂದು ಮಧ್ಯಾಹ್ನ ಎಣಿಸಿದರೆ ಹದಿನಾಲ್ಕು ಜೊತೆ ಬೇಕಾಗಿತ್ತು, ನಾನು ಬದಲಾಯಿಸಿದ್ದು ಒಂಬತ್ತು. ಆ ಐದು ಬಾರಿಯನ್ನು ನೆನೆದು ಅಂದೇ ನಿಲ್ಲಿಸಿದೆ. ಪೂರ್ತಿ ಕಲಿತ ಇಬ್ಬರು ಇದ್ದರೆ ಮಾತ್ರ ಇದು ನಡೆಯುತ್ತದೆ.

ಈಗ ಗಂಟೆಗೆ ಒಬ್ಬರು. ಅದರಲ್ಲಿ ಮೊದಲ ಎರಡು ನಿಮಿಷ ಕಾಲು ನೋಡುವುದಕ್ಕೆ. ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಹಳದಿಯಾಗಿ ದಪ್ಪಗಾದ ಉಗುರು, ತೆರೆದ ಗಾಯ ಕಂಡರೆ ಚರ್ಮವೈದ್ಯರಿಗೆ ತೋರಿಸಿ ಬನ್ನಿ ಎಂದು ಮೆತ್ತಗೆ ಹೇಳುತ್ತೇನೆ, ಹಣ ತೆಗೆದುಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡು ಹೋದವರಿದ್ದಾರೆ, ವಾಸಿ ಮಾಡಿಕೊಂಡು ಮರಳಿ ಬಂದವರೂ ಇದ್ದಾರೆ. ಕೆಲಸ 48 ನಿಮಿಷ, ಕೊನೆಯ ಹತ್ತು ನಿಮಿಷ ಕುರ್ಚಿ, ಬೋಗುಣಿ, ಟವೆಲ್, ನನ್ನ ಕೈಗಳಿಗೆ. ಸಕ್ಕರೆ ಕಾಯಿಲೆಯವರಿಗೆ ಬೆಳಗಿನ ಮೊದಲ ಹೊತ್ತು. ಆಗ ನನಗೂ ಆತುರವಿರುವುದಿಲ್ಲ, ಕಣ್ಣೂ ಚುರುಕಾಗಿರುತ್ತದೆ.

ಮದುವೆ ಮನೆಯವರು ಐದು ಜನ ಒಟ್ಟಿಗೇ ಬಂದಿಳಿದಾಗ ಏನು ಮಾಡುವುದು? ಮದುಮಗಳಿಗೆ ಮತ್ತು ಅವಳ ತಾಯಿಗೆ ಬೋಗುಣಿ, ಉಳಿದವರಲ್ಲಿ ಹಿಮ್ಮಡಿ ಚೆನ್ನಾಗಿರುವವರಿಗೆ ನೀರಿಲ್ಲದ್ದು. ಆರು ಸೆಟ್‌ನಲ್ಲಿ ಐದು ಖಾಲಿಯಾಗುತ್ತವೆ, ಯಾವುದಾದರೂ ಕೈತಪ್ಪಿ ನೆಲಕ್ಕೆ ಬಿದ್ದರೆ ಬೇಕಾಗುತ್ತದೆಂದು ಒಂದು ಉಳಿದಿರುತ್ತದೆ. ಆರನೆಯವರು ಬಾಗಿಲಲ್ಲಿ ನಿಂತು ಎಷ್ಟು ಕೇಳಿಕೊಂಡರೂ ಮರುದಿನ ಬೆಳಿಗ್ಗೆ ಹತ್ತಕ್ಕೆ ಬರೆದುಕೊಳ್ಳುತ್ತೇನೆ. ಮೊನ್ನೆ ಹಾಗೆ ಬರೆಸಿಕೊಂಡು ಹೋದವರು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ಕುಳಿತರು. ಅವರೆದುರಿಗೇ ಲಕೋಟೆ ಹರಿದು ಸೆಟ್ ತೆಗೆದೆ.