ಹಿಮ್ಮಡಿ ಸ್ಕ್ಯಾನೋ ಡೆಕ್ಸಾನೋ, ಟೆನ್ಸೋ ಶಾಕ್‌ವೇವೋ: ಬಳಸಿ ನೋಡಿ ಹೇಳುತ್ತಿದ್ದೇನೆ

ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹಿಮ್ಮಡಿ ಸ್ಕ್ಯಾನ್, ಡೆಕ್ಸಾದಂಥ ಮಷಿನ್ ಬೇರೆ. ನೋವು ಕಮ್ಮಿ ಮಾಡುವ ಟೆನ್ಸ್, ಶಾಕ್‌ವೇವ್‌ನಂಥ ಮಷಿನ್ ಬೇರೆ. ಇದು ಎಲ್ಲರಿಗೂ ಗೊತ್ತಿರುವುದೇ ಅನ್ನಿಸಬಹುದು. ಆದರೂ ಮಂಡಿಯೋ ಸೊಂಟವೋ ನೋಯಲು ಶುರುವಾದ ತಕ್ಷಣ "ಮೂಳೆ ಸವೆದಿರಬೇಕು, ಡೆನ್ಸಿಟಿ ಟೆಸ್ಟ್ ಮಾಡಿಸಿ" ಎನ್ನುವವರು ತುಂಬ ಜನ ಸಿಗುತ್ತಾರೆ. ಮೂಳೆಯ ಸಾಂದ್ರತೆ ಕಮ್ಮಿಯಾದರೆ ಅದರಿಂದಲೇ ನೋವು ಬರುವುದಿಲ್ಲ. ಮೂಳೆ ಮುರಿಯುವ ತನಕ ಏನೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ನೋಯುವುದು ಕೀಲು, ಸ್ನಾಯು, ಇಲ್ಲವೇ ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರು.

ನನಗೆ ಎರಡೂ ಬೇಕಾದವು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಅಮ್ಮನಿಗೆ ಸೊಂಟದ ಮೂಳೆ ಮುರಿದಿತ್ತು. ಹಾಗಾಗಿ ಅಳತೆ ಮಾಡಿಸಲೇಬೇಕಿತ್ತು. ಅದೇ ಸಮಯಕ್ಕೆ ಹಿಮ್ಮಡಿ ನೋವು, ಸೊಂಟ ನೋವು (ಕೆಳಬೆನ್ನಿನ ನೋವು) ಎರಡೂ ಇದ್ದವು. ಅದಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

ಅಳೆಯುವ ಮಷಿನ್‌ಗಳು

ಮೊದಲು ಮಾಡಿಸಿದ್ದು ಹಿಮ್ಮಡಿಯ ಅಲ್ಟ್ರಾಸೌಂಡ್. ಪಾದರಕ್ಷೆ ಬಿಚ್ಚಿ, ಪಾದವನ್ನು ಒಂದು ಪೆಟ್ಟಿಗೆಯಂಥ ಮಷಿನ್‌ನಲ್ಲಿ ಇಡಬೇಕು. ಎರಡೂ ಬದಿಗೆ ಜೆಲ್ ಹಚ್ಚುತ್ತಾರೆ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಶಬ್ದದ ಅಲೆ ಹಿಮ್ಮಡಿಯ ಮೂಳೆಯನ್ನು ದಾಟಿ ಹೋಗುತ್ತದೆ. ಎಷ್ಟು ವೇಗವಾಗಿ ಹೋಯಿತು, ದಾರಿಯಲ್ಲಿ ಎಷ್ಟು ಶಕ್ತಿ ಕಳೆದುಕೊಂಡಿತು ಎಂಬ ಎರಡು ಲೆಕ್ಕ ಸಿಗುತ್ತವೆ. ಒತ್ತಾದ ಮೂಳೆಯಲ್ಲಿ ಶಬ್ದ ಬೇಗ ಹೋಗುತ್ತದೆ, ಜಾಸ್ತಿ ಹೀರಿಕೊಳ್ಳಲ್ಪಡುತ್ತದೆ. ಹಿಮ್ಮಡಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿನ ಮೂಳೆ ಬಹುಪಾಲು ಒಳಗೆ ಜಾಲರಿಯಂತೆ ಇರುತ್ತದೆ. ಸವೆತ ಮೊದಲು ಕಾಣಿಸುವುದು ಇಂಥ ಮೂಳೆಯಲ್ಲೇ. ಎಕ್ಸ್‌ರೇ ಇಲ್ಲ. ಮಷಿನ್ ಸಣ್ಣದು, ಎಲ್ಲಿಗೆ ಬೇಕಾದರೂ ಒಯ್ಯಬಹುದು.

ನನ್ನ ಚೀಟಿಯಲ್ಲಿ ಟಿ-ಸ್ಕೋರ್ ಮೈನಸ್ 2.6 ಎಂದಿತ್ತು. ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ ಆಸ್ಟಿಯೋಪೊರೋಸಿಸ್ (ಮೂಳೆ ಸವೆದು ಟೊಳ್ಳಾಗುವ ರೋಗ) ಎಂದು ಅಚ್ಚಾಗಿತ್ತು. ಟಿ-ಸ್ಕೋರ್ ಎಂದರೆ ಆರೋಗ್ಯವಂತ ಹರೆಯದವರ ಸರಾಸರಿಗಿಂತ ನಮ್ಮ ಮೂಳೆ ಎಷ್ಟು ದೂರ ಇದೆ ಎಂಬ ಲೆಕ್ಕ. ಮೈನಸ್ 1 ಮತ್ತು ಅದಕ್ಕಿಂತ ಮೇಲೆ ಇದ್ದರೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸಾಂದ್ರತೆ ಕಮ್ಮಿ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದ ಗೆರೆಗಳಿವು. ಆದರೆ ಎಳೆದದ್ದು ಡೆಕ್ಸಾದಂಥ ಎಕ್ಸ್‌ರೇ ಅಳತೆಗಾಗಿ. ಹಿಮ್ಮಡಿಯ ಶಬ್ದದ ಅಳತೆಗೆ ಅದೇ ಗೆರೆ ಹಾಕಿ ರೋಗದ ಹೆಸರು ಬರೆಯುವುದು ಸರಿಯಲ್ಲ. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಆ ಕೆಂಪು ಅಕ್ಷರ ನೋಡಿ ಹೆದರಿ, ಅವತ್ತೇ ಮಾತ್ರೆ ಶುರು ಮಾಡಿದವರನ್ನು ನೋಡಿದ್ದೇನೆ. ಪಾದ ತಣ್ಣಗಿದ್ದರೆ, ಊದಿಕೊಂಡಿದ್ದರೆ ಕೂಡ ಈ ಅಂಕಿ ಆಚೀಚೆ ಆಗುತ್ತದೆ.

ಹಾಗೆಂದು ಹಿಮ್ಮಡಿ ಸ್ಕ್ಯಾನ್ ದಂಡ ಅಲ್ಲ. ಅದು ಜರಡಿ ಹಿಡಿಯುವ ಕೆಲಸಕ್ಕೆ ಒಳ್ಳೆಯದು. ಅಂಕಿ ಕಮ್ಮಿ ಬಂದರೆ ಡೆಕ್ಸಾ ಮಾಡಿಸಿ ಎಂಬ ಸೂಚನೆ ಅಷ್ಟೇ. ಔಷಧಿ ಶುರು ಮಾಡಿದ ಮೇಲೆ ಸುಧಾರಣೆ ನೋಡಲು ಇದನ್ನು ನಂಬಬಾರದು.

ಡೆಕ್ಸಾಗೆ ಹೋದೆ. ಇದರಲ್ಲಿ ಮೇಜಿನ ಮೇಲೆ ಮಲಗಬೇಕು. ಮೇಲೆ ಒಂದು ತೋಳು ನಿಧಾನವಾಗಿ ಸರಿಯುತ್ತದೆ. ಬೆನ್ನಿನ ಚಿತ್ರಕ್ಕೆ ಕಾಲನ್ನು ದಿಂಬಿನಂಥ ಬ್ಲಾಕ್ ಮೇಲೆ ಎತ್ತಿ ಇಡುತ್ತಾರೆ. ಸೊಂಟದ (ತೊಡೆ ಸೇರುವ ಕೀಲಿನ) ಚಿತ್ರಕ್ಕೆ ಪಾದವನ್ನು ಒಳಕ್ಕೆ ತಿರುಗಿಸಿ ಕಟ್ಟುತ್ತಾರೆ. ಆ ತಿರುಗಿಸುವಿಕೆ ಮುಖ್ಯ. ಹಾಗೆ ಮಾಡಿದರೇನೇ ತೊಡೆಮೂಳೆಯ ಕತ್ತಿನ ಭಾಗ ಸರಿಯಾಗಿ ಕಾಣುವುದು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಕಿರಣ ಹಾಯಿಸಿ, ಮಾಂಸದ ಪಾಲನ್ನು ಕಳೆದು, ಮೂಳೆಯ ಪಾಲನ್ನು ಲೆಕ್ಕ ಹಾಕುತ್ತಾರೆ. ಉತ್ತರ ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಬರುತ್ತದೆ.

ವಿಕಿರಣದ ಭಯ ಬಹಳ ಜನಕ್ಕೆ ಇದೆ. ಡೆಕ್ಸಾದಲ್ಲಿ ತಾಗುವುದು ಕೆಲವೇ ಮೈಕ್ರೋಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2400 ಮೈಕ್ರೋಸೀವರ್ಟ್ ಸುಮ್ನೆ ತಾಗುತ್ತಲೇ ಇರುತ್ತದೆ. ಹಾಗಾಗಿ ಈ ಕಾರಣಕ್ಕೆ ಡೆಕ್ಸಾ ಬಿಡಬೇಡಿ. ಬಸಿರಿದ್ದರೆ ಮಾತ್ರ ಮೊದಲೇ ಹೇಳಬೇಕು. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕು. ಹೊಟ್ಟೆಯಲ್ಲಿ ಉಳಿದ ಮಾತ್ರೆ ಬೆನ್ನಿನ ಚಿತ್ರದಲ್ಲಿ ಮೂಳೆಯ ಹಾಗೆ ಎಣಿಕೆಗೆ ಸೇರಬಹುದು.

ಈಗ ನನ್ನ ಅಂಕಿ ನೋಡಿ. ಸೊಂಟದಲ್ಲಿ ಮೈನಸ್ 1.7. ಬೆನ್ನಿನಲ್ಲಿ ಮೈನಸ್ 0.4. ಒಂದೇ ಮೈಯಲ್ಲಿ ಇಷ್ಟು ಅಂತರ ಹೇಗೆ? ಬೆನ್ನು ಚೆನ್ನಾಗಿದೆ ಎಂದು ಸಮಾಧಾನ ಪಡುವ ಹಾಗಿರಲಿಲ್ಲ. ಡೆಕ್ಸಾ ಬೆನ್ನಿನಲ್ಲಿ ಅಳೆಯುವುದು ಕೆಳಬೆನ್ನಿನ ಮೂಳೆಯ ಎಲ್1ರಿಂದ ಎಲ್4ರ ತನಕ ನಾಲ್ಕು ಮಣಿಗಳನ್ನು. ವಯಸ್ಸಾದ ಹಾಗೆ ಕೆಳಗಿನ ಮಣಿಗಳ ಅಂಚಿನಲ್ಲಿ ಮೂಳೆ ಮೊಳೆತು ಕೊಕ್ಕಿನ ಹಾಗೆ ಬೆಳೆಯುತ್ತದೆ. ಆ ಹೆಚ್ಚುವರಿ ಮೂಳೆಯನ್ನೂ ಮಷಿನ್ ಎಣಿಸಿಬಿಡುತ್ತದೆ. ಡಾಕ್ಟರ್ ಚಿತ್ರ ನೋಡಿ ಎಲ್3, ಎಲ್4 ಎರಡನ್ನೂ ಲೆಕ್ಕದಿಂದ ತೆಗೆದರು. ಉಳಿದ ಎರಡು ಮಣಿಗಳ ಅಂಕಿ ಮೈನಸ್ 1.5 ಬಂತು. ಸೊಂಟದ ಅಂಕಿಗೆ ಹತ್ತಿರ. ಕುಸಿದ ಮಣಿ, ಗಟ್ಟಿಯಾದ ರಕ್ತನಾಳ ಕೂಡ ಹೀಗೆಯೇ ಅಂಕಿಯನ್ನು ಮೇಲಕ್ಕೆ ತಳ್ಳುತ್ತವೆ. ಅದಕ್ಕೇ ಚೀಟಿಯ ಜೊತೆ ಚಿತ್ರವನ್ನೂ ಕೇಳಿ ಪಡೆಯಿರಿ. ಅಂಕಿ ಮಾತ್ರ ಕೊಟ್ಟು ಕಳಿಸುವ ಕಡೆ ಮಾಡಿಸಬೇಡಿ.

ಹಿಮ್ಮಡಿ ಮೈನಸ್ 2.6 ಎಂದಿತು, ಡೆಕ್ಸಾ ಮೈನಸ್ 1.7 ಎಂದಿತು. ಎರಡನ್ನೂ ಒಂದೇ ಏಣಿಯ ಮೆಟ್ಟಿಲು ಎಂದು ಓದಬಾರದು. ತೀರ್ಮಾನಕ್ಕೆ ನಾನು ನೆಚ್ಚುವುದು ಡೆಕ್ಸಾವನ್ನೇ.

ಆದರೆ ಡೆಕ್ಸಾ ಒಂದರಿಂದಲೇ ಮುಗಿಯುವುದಿಲ್ಲ. ಬಿದ್ದು ಮೂಳೆ ಮುರಿದುಕೊಳ್ಳುವವರಲ್ಲಿ ಬಹಳ ಜನರ ಟಿ-ಸ್ಕೋರ್ ಮೈನಸ್ 2.5ರ ಮೇಲೆಯೇ ಇರುತ್ತದೆ. ಇದಕ್ಕೆ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ತಂದ ಫ್ರಾಕ್ಸ್ ಎಂಬ ಲೆಕ್ಕ ಇದೆ. ವಯಸ್ಸು, ತೂಕ, ಎತ್ತರ, ಹಿಂದೆ ಮೂಳೆ ಮುರಿದಿತ್ತಾ, ಅಪ್ಪ ಅಮ್ಮನಿಗೆ ಸೊಂಟದ ಮೂಳೆ ಮುರಿದಿತ್ತಾ, ಸ್ಟಿರಾಯ್ಡ್ ಮಾತ್ರೆ ತಗೊಳ್ತೀರಾ, ಸಿಗರೇಟು ಸೇದ್ತೀರಾ ಎಂದೆಲ್ಲ ಕೇಳುತ್ತದೆ. ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಶೇಕಡಾ ಎಷ್ಟು ಎಂದು ಹೇಳುತ್ತದೆ. 40ರಿಂದ 90 ವರ್ಷದವರಿಗೆ ಅನ್ವಯಿಸುತ್ತದೆ. ಅಮ್ಮನ ವಿಷಯ ಹಾಕಿದ ಮೇಲೆ ನನ್ನ ಅಂಕಿ ಏರಿತು. ಮಾತ್ರೆ ಬೇಕೋ ಬೇಡವೋ ಎಂಬ ಮಾತುಕತೆ ನಿಜವಾಗಿ ಶುರುವಾದದ್ದು ಅಲ್ಲಿಂದ.

ಕ್ಯೂಸಿಟಿ ಎಂಬ ಸಿಟಿ ಸ್ಕ್ಯಾನ್ ಬಗೆಯ ಅಳತೆಯೂ ಇದೆ. ನಾನು ಮಾಡಿಸಿಲ್ಲ. ಅದು ಮೂಳೆಯನ್ನು ಘನ ಅಳತೆಯಲ್ಲಿ ನೋಡುತ್ತದೆ. ಬೆನ್ನಿನ ಅಂಚಿನ ಮೂಳೆ ಅದಕ್ಕೆ ಅಷ್ಟು ಅಡ್ಡ ಬರುವುದಿಲ್ಲ. ವಿಕಿರಣ ಮಾತ್ರ ಡೆಕ್ಸಾಗಿಂತ ಬಹಳ ಜಾಸ್ತಿ.

ನೋವಿನ ಮಷಿನ್‌ಗಳು

ಟೆನ್ಸ್‌ನಿಂದ ಶುರು ಮಾಡುತ್ತೇನೆ. ಮನೆಯಲ್ಲೇ ಇಟ್ಟುಕೊಳ್ಳಬಹುದಾದ್ದು ಅದು. ಅಂಗೈಯಷ್ಟು ಮಷಿನ್, ವೈರು, ಅಂಟುವ ಪ್ಯಾಡ್. ನೋವಿನ ಜಾಗದ ಸುತ್ತ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಬಿಡುತ್ತದೆ. ಇದರ ಹಿಂದೆ ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟ ವಿಚಾರ ಇದೆ. ಮುಟ್ಟಿದ್ದು, ಒತ್ತಿದ್ದು ತಿಳಿಸುವ ನರಗಳು ಚುರುಕಾದರೆ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲು ಅರ್ಧ ಮುಚ್ಚುತ್ತದೆ ಎಂಬುದು ಅದರ ತಿರುಳು. ಪೆಟ್ಟು ಬಿದ್ದ ಜಾಗವನ್ನು ನಾವು ತಕ್ಷಣ ಉಜ್ಜಿಕೊಳ್ಳುತ್ತೇವಲ್ವಾ, ಅದೂ ಇದೇ.

ಸೆಕೆಂಡಿಗೆ 80ರಿಂದ 100 ಸಲ ಮಿಡಿಯುವ ಸೆಟ್ಟಿಂಗ್‌ನಲ್ಲಿ ಬರೀ ಜುಮ್ ಅನ್ನುತ್ತದೆ. ಸೊಂಟಕ್ಕೆ ನನಗೆ ಹಿಡಿಸಿದ್ದು ಇದೇ. 2ರಿಂದ 4 ಸಲದ ಸೆಟ್ಟಿಂಗ್‌ನಲ್ಲಿ ಸ್ನಾಯು ಎದ್ದು ಕಾಣುವ ಹಾಗೆ ಕುಣಿಯುತ್ತದೆ. ಅದು ಮೈಯೇ ತಯಾರಿಸುವ ನೋವು ನಿವಾರಕಗಳನ್ನು ಬಿಡಿಸುವ ದಾರಿ. ಪರಿಣಾಮ ಸ್ವಲ್ಪ ಹೊತ್ತು ಜಾಸ್ತಿ ಉಳಿಯಿತು, ಆದರೆ ಆ ಎಳೆತ ಸಹಿಸುವುದು ಕಷ್ಟ. ಎರಡರಲ್ಲೂ ಸುಖ ಮಷಿನ್ ಹಾಕಿರುವಾಗ, ತೆಗೆದ ಮೇಲೆ ಇನ್ನೊಂದಿಷ್ಟು ಹೊತ್ತು. ಮರುದಿನಕ್ಕೆ ನೋವು ಅಲ್ಲೇ ಇರುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟ ನೋವಿಗೆ ಟೆನ್ಸ್, ಐಎಫ್‌ಟಿ (ಎರಡು ಕರೆಂಟ್ ಸೇರಿಸಿ ಕೊಡುವ ಚಿಕಿತ್ಸೆ), ಚಿಕಿತ್ಸೆಯ ಅಲ್ಟ್ರಾಸೌಂಡ್ ಮೂರನ್ನೂ ಕೊಡಬೇಡಿ ಎಂದೇ ಬರೆದಿದೆ. ಆದರೂ ನಾನು ಟೆನ್ಸ್ ಇಟ್ಟುಕೊಂಡಿದ್ದೇನೆ. ಅದು ಹಾಕಿದಾಗ ನಡೆಯಲು, ವ್ಯಾಯಾಮ ಶುರು ಮಾಡಲು ಧೈರ್ಯ ಬರುತ್ತದೆ. ಸೊಂಟಕ್ಕೆ ಕೆಲಸ ಮಾಡಿದ್ದು ವ್ಯಾಯಾಮವೇ.

ಐಎಫ್‌ಟಿ ಕ್ಲಿನಿಕ್‌ನಲ್ಲಿ ಸಿಕ್ಕಿತು. ನಾಲ್ಕು ಪ್ಯಾಡ್, ಸುಮಾರು 4000 ಹರ್ಟ್ಝ್‌ನ ಎರಡು ಕರೆಂಟ್. ಎರಡರ ನಡುವೆ ಸ್ವಲ್ಪ ವ್ಯತ್ಯಾಸ ಇಟ್ಟು, ಅವು ಒಳಗೆ ಸೇರುವ ಜಾಗದಲ್ಲಿ ನಿಧಾನದ ಮಿಡಿತ ಹುಟ್ಟಿಸುತ್ತಾರೆ. ಚರ್ಮಕ್ಕೆ ಚುಚ್ಚುವುದು ಕಮ್ಮಿ, ಆಳಕ್ಕೆ ಹೋದ ಹಾಗೆ ಅನ್ನಿಸುತ್ತದೆ. ಟೆನ್ಸ್‌ಗಿಂತ ಹಿತ ಹೌದು. ಆದರೆ ಹಿತ ಉಳಿಯುವ ಹೊತ್ತು ಹೆಚ್ಚು ಕಮ್ಮಿ ಅಷ್ಟೇ. ಅದಕ್ಕಾಗಿ ಪದೇ ಪದೇ ಕ್ಲಿನಿಕ್‌ಗೆ ಹೋಗುವುದು ನನಗೆ ಸರಿ ಕಾಣಲಿಲ್ಲ.

ಚಿಕಿತ್ಸೆಯ ಅಲ್ಟ್ರಾಸೌಂಡ್‌ನಲ್ಲಿ 1 ಮೆಗಾಹರ್ಟ್ಝ್ ಆಳಕ್ಕೆ, 3 ಮೆಗಾಹರ್ಟ್ಝ್ ಮೇಲ್ಮೈಗೆ. ಜೆಲ್ ಹಚ್ಚಿ ಮಷಿನ್‌ನ ತಲೆಯನ್ನು ಸುತ್ತಿಸುತ್ತಲೇ ಇರಬೇಕು, ನಿಲ್ಲಿಸಿದರೆ ಒಂದೇ ಕಡೆ ಬಿಸಿಯಾಗುತ್ತದೆ. ಹಿಮ್ಮಡಿಗೆ ಬೆಚ್ಚಗಾಯಿತು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಿಮ್ಮಡಿಗೆ ಬೇರೆಯದೇ ಅನುಭವ ಕೊಟ್ಟದ್ದು, ಒತ್ತಡದ ಅಲೆ ಹೊಡೆಯುವ ಶಾಕ್‌ವೇವ್. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಜೀವ ಹೋಗುವ ಹಾಗೆ ನೋಯುತ್ತದಲ್ಲ, ಆ ನೋವು ನನ್ನದು. ಪಾದದ ಅಡಿಯ ದಪ್ಪ ಪಟ್ಟಿ ಹಿಮ್ಮಡಿಗೆ ಸೇರುವ ಜಾಗದ ತೊಂದರೆ ಅದು. ಶಾಕ್‌ವೇವ್ ಬಂದದ್ದು ಕಿಡ್ನಿ ಕಲ್ಲಿನ ಚಿಕಿತ್ಸೆಯಿಂದ. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ಹೊರಗಿನಿಂದ ಅಲೆ ಹೊಡೆದು ರೋಗಿಯ ಕಲ್ಲು ಒಡೆದರು. 2000ದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಿಮ್ಮಡಿ ನೋವಿಗೆ ಇಂಥ ಮಷಿನ್ ಒಪ್ಪಿತು.

ಇದರಲ್ಲಿ ಎರಡು ಬಗೆ. ನನ್ನ ಬಲಗಾಲಿಗೆ ರೇಡಿಯಲ್ ಕೊಟ್ಟರು, ಎಡಗಾಲಿಗೆ ಮತ್ತೊಂದು ಕಡೆ ಫೋಕಸ್ಡ್. ರೇಡಿಯಲ್‌ನಲ್ಲಿ ಒತ್ತಿದ ಗಾಳಿ ಒಳಗಿನ ಸಣ್ಣ ಗುಂಡನ್ನು ತಳ್ಳಿ ಹಿಡಿಕೆಯ ತುದಿಗೆ ಬಡಿಸುತ್ತದೆ. ಕೆರೆಗೆ ಕಲ್ಲು ಎಸೆದ ಹಾಗೆ ಶಕ್ತಿ ಮೇಲಿನಿಂದ ಹರಡುತ್ತದೆ, ಆಳಕ್ಕೆ ಹೋದಷ್ಟೂ ಕುಗ್ಗುತ್ತದೆ. ಟಕ ಟಕ ಸದ್ದು ಜೋರು. ಫೋಕಸ್ಡ್‌ನಲ್ಲಿ ಶಕ್ತಿ ಒಳಗಿನ ಒಂದು ಬಿಂದುವಿನಲ್ಲಿ ಕೂಡುತ್ತದೆ. ಚರ್ಮಕ್ಕೆ ಏನೂ ಅನ್ನಿಸದೆ ಒಳಗೆ ಮಾತ್ರ ಚುರುಕ್ಕೆನ್ನುತ್ತದೆ. ಒಂದು ಸಲಕ್ಕೆ ಸುಮಾರು 2000 ಹೊಡೆತ. ವಾರದ ಅಂತರದಲ್ಲಿ ಮತ್ತೆ. ನೋಯುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಎಲ್ಲಿ ಜಾಸ್ತಿ ನೋಯುತ್ತದೆ ಎಂದು ನಾವೇ ಹೇಳಬೇಕು, ಅಲ್ಲೇ ಹೊಡೆಯುತ್ತಾರೆ. ಆ ದಿನಗಳಲ್ಲಿ ಉರಿಯೂತ ಇಳಿಸುವ ಮಾತ್ರೆ ಬೇಡ ಎಂದಿದ್ದರು. ಅಲೆ ಹೊಡೆಯುವುದೇ ಆ ಜಾಗವನ್ನು ಎಬ್ಬಿಸಿ ಮತ್ತೆ ದುರಸ್ತಿ ಶುರು ಮಾಡಿಸಲು.

ಮುಗಿದ ತಕ್ಷಣ ಏನೂ ಆಗಲಿಲ್ಲ. ವಾರಗಳು ಕಳೆದ ಮೇಲೆ ಬೆಳಗಿನ ಹೆಜ್ಜೆ ಹಗುರವಾಯಿತು. ಎರಡೂ ಕಾಲಿಗೆ ಗುಣ ಸಿಕ್ಕಿತು. ಹಿಮ್ಮಡಿಯಂಥ ಆಳವಿಲ್ಲದ ಜಾಗಕ್ಕೆ ಫೋಕಸ್ಡ್ ಜಾಸ್ತಿ ಕೊಟ್ಟಿತು ಎಂದು ನನಗೆ ಅನ್ನಿಸಲಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಮೀನಖಂಡ ಮತ್ತು ಪಾದದ ಹಿಗ್ಗಿಸುವ ವ್ಯಾಯಾಮವನ್ನು ಉದ್ದಕ್ಕೂ ಬಿಡದೆ ಮಾಡಿದ್ದೇನೆ. ಹಿಮ್ಮಡಿ ನೋವು ಬಹಳ ಜನಕ್ಕೆ ವರ್ಷದೊಳಗೆ ತಾನಾಗಿಯೂ ಇಳಿಯುತ್ತದೆ. ಆದ್ದರಿಂದ ಹೊಸ ನೋವಿಗೆ ಮೊದಲ ದಿನವೇ ಶಾಕ್‌ವೇವ್ ಬೇಡ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ಬಗ್ಗದ ನೋವಿಗೆ ಅದು ತಕ್ಕದ್ದು.

ಒಬ್ಬ ಮಾರಾಟಗಾರ ಟೆನ್ಸ್ ಮಷಿನ್ ತೋರಿಸಿ "ಇದರಿಂದ ಮೂಳೆಯೂ ಗಟ್ಟಿಯಾಗುತ್ತದೆ" ಎಂದಿದ್ದ. ಕೇಳಿ ಸಿಟ್ಟು ಬಂತು. ಟೆನ್ಸ್ ಮೂಳೆಯ ಸಾಂದ್ರತೆ ಏರಿಸುವುದಿಲ್ಲ. ಮುರಿದ ಮೂಳೆ ಕೂಡಲಿ ಎಂದು ದಿನಕ್ಕೆ 20 ನಿಮಿಷ ಮೆಲ್ಲನೆಯ ಅಲ್ಟ್ರಾಸೌಂಡ್ ಕೊಡುವ ಬೇರೆ ಮಷಿನ್ ಇದೆ, ನಿಜ. ಆದರೆ ಅದರ ಮೇಲೂ 2016ರಲ್ಲಿ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. ಆಪರೇಷನ್ ಮಾಡಿ ಜೋಡಿಸಿದ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಯಾರು ಬಳಸಬಾರದು ಎಂಬುದು ತುಂಬ ಮುಖ್ಯ. ಪೇಸ್‌ಮೇಕರ್ ಇದ್ದವರು ಟೆನ್ಸ್, ಐಎಫ್‌ಟಿ ಎರಡರ ತಂಟೆಗೂ ಹೋಗಬೇಡಿ. ಕತ್ತಿನ ಮುಂಭಾಗಕ್ಕೆ, ಬಸುರಿಯ ಹೊಟ್ಟೆಗೆ ಪ್ಯಾಡ್ ಹಾಕಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಆ ಜಾಗದಲ್ಲಿ ಕ್ಯಾನ್ಸರ್ ಗೆಡ್ಡೆ ಇರುವವರು, ಬಸುರಿಯರು ಶಾಕ್‌ವೇವ್‌ಗೆ ಮುನ್ನ ಡಾಕ್ಟರಿಗೆ ಹೇಳಲೇಬೇಕು. ಬೆಳೆಯುವ ಮಕ್ಕಳ ಮೂಳೆಯ ತುದಿಗಳ ಮೇಲೆ ಅದನ್ನು ಹೊಡೆಯಬಾರದು.

ಅಳೆಯುವ ಮಷಿನ್ನೂ ನೋವೂ ಒಟ್ಟಿಗೆ ಬರುವ ಜಾಗ ಒಂದಿದೆ. ಮೂಳೆ ಸವೆದವರಿಗೆ, ವಯಸ್ಸಾದವರಿಗೆ, ಸ್ಟಿರಾಯ್ಡ್ ಮಾತ್ರೆ ನುಂಗುವವರಿಗೆ ಬಾಗಿದಾಗಲೋ ಏನೋ ಎತ್ತಿದಾಗಲೋ ಬೆನ್ನಿನಲ್ಲಿ ದಿಢೀರ್ ನೋವು ಬಂದರೆ ಟೆನ್ಸ್ ಹಾಕಿ ಮಲಗಬೇಡಿ. ಬೆನ್ನಿನ ಮಣಿ ಕುಸಿದಿರಬಹುದು. ಮೊದಲು ಎಕ್ಸ್‌ರೇ ಆಗಲಿ. ಎಷ್ಟೋ ಸಲ ಮಣಿ ಕುಸಿದರೂ ನೋವೇ ಇರುವುದಿಲ್ಲ, ಎತ್ತರ ಮಾತ್ರ ಕಮ್ಮಿಯಾಗುತ್ತದೆ. ಹರೆಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಇಳಿದಿದ್ದರೆ, ಡೆಕ್ಸಾ ಮಾಡಿಸುವಾಗ ಬೆನ್ನನ್ನು ಪಕ್ಕದಿಂದ ನೋಡುವ ಚಿತ್ರವನ್ನೂ ತೆಗೆಯಿರಿ ಎಂದು ಕೇಳಿ. ಬಹಳಷ್ಟು ಡೆಕ್ಸಾ ಮಷಿನ್‌ಗಳಲ್ಲಿ ಅದೇ ಹೊತ್ತಿಗೆ ತೆಗೆಯಬಹುದು. ಮುಂದಿನ ಸಲದ ಅಳತೆಯನ್ನೂ ಅದೇ ಮಷಿನ್‌ನಲ್ಲಿ ಮಾಡಿಸಿ. ಮಷಿನ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆಗ ಮೂಳೆ ಬದಲಾಯಿತೋ ಮಷಿನ್ ಬದಲಾದದ್ದೋ ಯಾರಿಗೂ ಹೇಳಲಾಗುವುದಿಲ್ಲ.