ಪೆನ್‌ಡ್ರೈವ್ ಹಾಕಿ ಫುಲ್ ಟೆಸ್ಟ್ ಮಾಡ್ತೀನಿ ಅಂದ್ರೆ ಲ್ಯಾಪ್‌ಟಾಪ್ ಬಿಟ್ಟು ಬರ್ಬೇಡಿ

ಮಂಡ್ಯ ಮೈಸೂರು ಕಡೆ ಯಾರಾದ್ರೂ ಹಳೇ ಲ್ಯಾಪ್‌ಟಾಪ್ ರಿಪೇರಿಗೆ ಕೊಡೋರಿದ್ರೆ ಇದನ್ನ ಓದ್ಬುಟ್ಟು ಕೊಡಿ. ಅಂಗಡಿ ಹೆಸ್ರು ಹಾಕಲ್ಲ, ಇನ್‌ಬಾಕ್ಸಲ್ಲೂ ಕೇಳ್ಬೇಡಿ, ಟೆಸ್ಟ್ ಹೆಸ್ರಲ್ಲಿ ಡಿಸ್ಕಲ್ಲಿರೋದನ್ನೆಲ್ಲ ಅಳ್ಸಿ ಹಾಕೋ ಅಂಥ ಪೆನ್‌ಡ್ರೈವ್ ಇಟ್ಕೊಂಡಿರೋ ಅಂಗಡಿ ಅದೊಂದೇ ಅಂತ ನಂಗೇನೂ ನಂಬಿಕೆ ಇಲ್ಲ.

ಲ್ಯಾಪ್‌ಟಾಪ್ ನಮ್ ಚಿಕ್ಕಪ್ಪಂದು. ಪಾಂಡವಪುರ ಕಡೆ ಆಲೆಮನೆ ನಡೆಸ್ತಾರೆ. ಯಾವ ರೈತರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಎಷ್ಟು ಟನ್ ಕಬ್ಬು ಬಂತು, ಆಳುಗಳ ಕೂಲಿ ಎಷ್ಟು, ಮಂಡಿಗೆ ಹೋದ ಬೆಲ್ಲ ಎಷ್ಟು, ಅದ್ರಲ್ಲೂ ಅಚ್ಚು ಬೇರೆ ಶೀಟು ಬಕೆಟ್ ಬೇರೆ ಶೀಟು ಕುರಿಕಾಟು ಬೇರೆ ಶೀಟು, ಎಲ್ಲಾ ನುಡಿ ಸಾಫ್ಟ್‌ವೇರಲ್ಲಿ ಕನ್ನಡದಲ್ಲೇ ಕುಟ್ಕೊಂಡು ಎಕ್ಸೆಲ್ಲಲ್ಲಿ ಇಟ್ಟಿದ್ರು. ಮೆಷಿನ್ ಹಳೇದೇ, ವಿಂಡೋಸ್ 7, 500 ಜಿಬಿ ಹಾರ್ಡ್‌ಡಿಸ್ಕು, 2 ಜಿಬಿದು ಎರಡು ಮೆಮೊರಿ ಪಟ್ಟಿ ಅಂದ್ರೆ ರ‍್ಯಾಮು. ಈಚೀಚೆಗೆ ಕೆಲ್ಸ ಮಾಡ್ತಾ ಇದ್ದಂಗೇ ನೀಲಿ ಸ್ಕ್ರೀನ್ ಬಂದು ಆಫಾಗ್ತಿತ್ತಂತೆ, ಒಂದ್ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಇನ್ನೊಂದ್ಸಲ ಪೇಜ್ ಫಾಲ್ಟ್ ಅಂತ. ಹಿಂಗೆ ಬೇರೆ ಬೇರೆ ಎರರ್ ಬರ್ತಿದ್ರೆ ಮೊದ್ಲು ಅನುಮಾನ ಪಡಬೇಕಾಗಿರೋದು ರ‍್ಯಾಮ್ ಮೇಲೆ, ರಿಪೇರಿ ಮಾಡೋನಿಗೆ ಇದು ಗೊತ್ತಿರ್ಲೇಬೇಕು.

ನಾನು ಮೈಸೂರಲ್ಲಿ ಕೆಲ್ಸದಲ್ಲಿದ್ದೆ, ಅವ್ರೇ ಮಂಡ್ಯದಲ್ಲಿ ಒಂದು ಅಂಗಡಿಗೆ ತಗೊಂಡೋಗವ್ರೆ. ಅಲ್ಲಿದ್ದ ಹುಡ್ಗ ಪೆನ್‌ಡ್ರೈವ್ ಸಿಕ್ಕಿಸಿ, ಫುಲ್ ಟೆಸ್ಟ್ ಹಾಕ್ತೀನಿ ಅಂಕಲ್, ರಾತ್ರಿಯೆಲ್ಲ ಓಡುತ್ತೆ ನಾಳೆ ಬನ್ನಿ ಅಂದವ್ನೆ. ಮಾರನೇ ದಿನ ಹೋದ್ರೆ ಮದರ್‌ಬೋರ್ಡ್ ಹೋಗಿದೆ, 7,500 ಆಗುತ್ತೆ ಅಂತ. ಚಿಕ್ಕಪ್ಪ ಬ್ಯಾಡಪ್ಪ ಅಂತ ವಾಪಸ್ ತಂದಿದಾರೆ, ತರೋವಾಗ 350 ರೂಪಾಯಿ ಟೆಸ್ಟಿಂಗ್ ಚಾರ್ಜ್ ಬೇರೆ. ಮನೇಲಿ ಆನ್ ಮಾಡಿದ್ರೆ ಆಪರೇಟಿಂಗ್ ಸಿಸ್ಟಮ್ಮೇ ಇಲ್ಲ ಅಂತಿದೆ. ನಂಗೆ ಫೋನು, "ನೋಡ್ಲಾ ಮಗ, ಒಳಗೆ ಏನೂ ಇಲ್ವಂತೆ ಕಣ್ಲಾ."

ವಾರದ ಕೊನೇಲಿ ಊರಿಗೆ ಹೋಗಿ ಹಾರ್ಡ್‌ಡಿಸ್ಕ್ ಬಿಚ್ಚಿ ಸಾಟಾ ಟು ಯುಎಸ್‌ಬಿ ಕೇಬಲ್ಲಲ್ಲಿ ನನ್ ಲ್ಯಾಪ್‌ಟಾಪಿಗೆ ಹಾಕ್ದೆ. ಪಾರ್ಟಿಷನ್, ಅಂದ್ರೆ ಸಿ ಡ್ರೈವ್ ಡಿ ಡ್ರೈವ್ ಥರ ಡಿಸ್ಕಿನ ಭಾಗ, ಒಂದೂ ಇಲ್ಲ. ಸರಿ, ಫಾರ್ಮ್ಯಾಟ್ ಹೊಡ್ದಿರ್ತಾನೆ, ಬರೀ ಕ್ವಿಕ್ ಫಾರ್ಮ್ಯಾಟ್ ಆಗಿದ್ರೆ ಟೆಸ್ಟ್‌ಡಿಸ್ಕ್ ಫೋಟೋರೆಕ್ ಅನ್ನೋ ರಿಕವರಿ ಪ್ರೋಗ್ರಾಂ ಹಾಕಿ ಫೈಲ್ ತೆಗೀಬೋದು ಅನ್ಕೊಂಡು ಲಿನಕ್ಸಲ್ಲಿ, ಡಿಸ್ಕಲ್ಲಿರೋದನ್ನ ಇದ್ದಂಗೇ ತೋರ್ಸೋ ಹೆಕ್ಸ್‌ಡಂಪ್ ಕೊಟ್ಟೆ. ಮೊದಲ್ನೇ ಲೈನ್ ಪೂರ್ತಿ ಸೊನ್ನೆ. ಅದ್ರ ಕೆಳಗೆ ಒಂದು ನಕ್ಷತ್ರದ ಗುರ್ತು, ಅಂದ್ರೆ ಮುಂದೇನೂ ಇದೇ ಲೈನು ರಿಪೀಟ್ ಆಗ್ತಿದೆ ಅಂತ. ಬೇರೆ ಏನಾದ್ರೂ ಸಿಕ್ಕಿದ್ರೆ ನಕ್ಷತ್ರದ ಕೆಳಗೆ ಹೊಸ ಲೈನ್ ಬರ್ಬೇಕು. ಚಿಕ್ಕಮ್ಮ ಮುದ್ದೆ ಊಟಕ್ಕೆ ಕರೆದ್ರು, ಊಟ ಮಾಡಿ ಬಂದು ನೋಡಿದ್ರೂ ನಕ್ಷತ್ರ ಒಂದೇ ಕೂತಿತ್ತು.

ಏನಾಗಿದೆ ಅಂದ್ರೆ, ಲಿನಕ್ಸಲ್ಲಿ ಬ್ಯಾಡ್‌ಬ್ಲಾಕ್ಸ್ ಅಂತ ಡಿಸ್ಕಲ್ಲಿ ಕೆಟ್ಟಿರೋ ಜಾಗ ಹುಡುಕೋ ಒಂದು ಪ್ರೋಗ್ರಾಂ ಇದೆ. ಸುಮ್ನೆ ಓಡ್ಸಿದ್ರೆ ಡಿಸ್ಕ್ ಪೂರ್ತಿ ಓದ್ಕೊಂಡು ಹೋಗುತ್ತೆ, ಏನೂ ಬರೆಯಲ್ಲ. ಅದಕ್ಕೆ ಮೈನಸ್ ಡಬ್ಲ್ಯೂ (-w) ಅನ್ನೋ ಆಪ್ಷನ್ ಸೇರಿಸಿದ್ರೋ, ಡಿಸ್ಕಿನ ಮೂಲೆ ಮೂಲೆಗೂ ನಾಲ್ಕು ಪ್ಯಾಟರ್ನ್ ಒಂದಾದ್ಮೇಲೆ ಒಂದು ಬರ್ದು ವಾಪಸ್ ಓದಿ ನೋಡುತ್ತೆ, ಕೊನೇ ಪ್ಯಾಟರ್ನೇ ಸೊನ್ನೆ. 500 ಜಿಬಿ ಡಿಸ್ಕನ್ನ ನಾಲ್ಕು ಸಲ ಬರ್ದು ನಾಲ್ಕು ಸಲ ಓದೋಕೆ ಇಡೀ ರಾತ್ರಿ ಬೇಕೇ ಬೇಕು. ಹೊಸ ಡಿಸ್ಕೋ ಖಾಲಿ ಡಿಸ್ಕೋ ಚೆಕ್ ಮಾಡೋಕೆ ಇದು ಒಳ್ಳೇ ಟೆಸ್ಟು, ಹತ್ತಾರು ವರ್ಷದ ಲೆಕ್ಕ ತುಂಬಿರೋ ಡಿಸ್ಕಿಗೆ ಹಾಕಿದ್ರೆ ಅದನ್ನ ಅಳ್ಸಿ ಹಾಕಿದ್ದು ಅಂತಾನೇ ಲೆಕ್ಕ. ಹಂಗೆ ಮೇಲೆ ಬರೆದದ್ದನ್ನ ಯಾವ ರಿಕವರಿ ಸಾಫ್ಟ್‌ವೇರೂ ತೆಗೆಯಲ್ಲ, ಬೆಂಗಳೂರಿಗೆ ತಗೊಂಡೋದ್ರೂ ಅಷ್ಟೇ, ದುಡ್ಡು ದಂಡ.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ "ಫುಲ್ ಟೆಸ್ಟ್ ಅಂದ್ರೆ ಹಂಗೇ ಸಾರ್, ಡಾಟಾ ಬೇಕು ಅಂತ ಅಂಕಲ್ ಹೇಳ್ಲೇ ಇಲ್ಲ" ಅಂದ. ಪೆನ್‌ಡ್ರೈವ್ ಹಾಕಿ ತೋರ್ಸು ಅಂದೆ. ಯಾರೋ ಮಾಡ್ಕೊಟ್ಟಿರೋ ಮೆನು, ಅದ್ರಲ್ಲಿ ರ‍್ಯಾಮ್ ಟೆಸ್ಟು, ಡಿಸ್ಕ್ ಕ್ವಿಕ್ಕು, ಡಿಸ್ಕ್ ಫುಲ್ಲು ಅಂತ ಮೂರು ಲೈನು, ಎಲ್ಲೂ ಒಂದು ವಾರ್ನಿಂಗ್ ಇಲ್ಲ, ಎಂಟರ್ ಒತ್ತಿದ್ರೆ ಮುಗೀತು. ಅದು ಒಳಗೆ ಏನ್ ಮಾಡುತ್ತೆ ಅಂತ ಅವ್ನಿಗೇ ಗೊತ್ತಿರ್ಲಿಲ್ಲ, ಮುಖ ನೋಡಿದ್ರೆ ತಿಳೀತಿತ್ತು. ಆ 350 ವಾಪಸ್ ಕೊಡು ಅಂದ್ರೆ, ಟೆಸ್ಟ್ ಮಾಡಿದ್ದೀನಲ್ಲ ಸಾರ್ ಅಂತಾನೆ!

ಹೊಟ್ಟೆ ಉರಿಯೋ ವಿಷ್ಯ ಇನ್ನೊಂದಿದೆ. ಡಿಸ್ಕಿಗೆ ಏನೂ ಆಗಿರ್ಲೇ ಇಲ್ಲ. ಸ್ಮಾರ್ಟ್ ರಿಪೋರ್ಟ್ ಅಂತ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರ್ಕೊಂಡಿರುತ್ತೆ, ಅದು ಫೈಲ್‌ಗಳಿರೋ ಜಾಗದಲ್ಲಿ ಇರಲ್ಲ, ಹಾಗಾಗಿ ಅಳ್ಸಿದ್ರೂ ಉಳಿಯುತ್ತೆ. ನೋಡಿದ್ರೆ ರೀಅಲೊಕೇಟೆಡ್ ಸೆಕ್ಟರ್, ಅಂದ್ರೆ ಕೆಟ್ಟು ಬದಲಿ ಕೊಟ್ಟಿರೋ ಜಾಗ, ಸೊನ್ನೆ, ಪೆಂಡಿಂಗ್ ಸೆಕ್ಟರ್, ಅಂದ್ರೆ ಓದೋಕಾಗ್ದೆ ಅನುಮಾನದಲ್ಲಿರೋ ಜಾಗ, ಅದೂ ಸೊನ್ನೆ. ಆಮೇಲೆ ಪೆನ್‌ಡ್ರೈವಲ್ಲಿ ಮೆಮ್‌ಟೆಸ್ಟ್86 ಪ್ಲಸ್ ಅನ್ನೋ ರ‍್ಯಾಮ್ ಟೆಸ್ಟ್ ಪ್ರೋಗ್ರಾಂ ಹಾಕಿ ಬೂಟ್ ಮಾಡ್ದೆ, ಸ್ವಲ್ಪ ಹೊತ್ತಿಗೆ ಎರರ್ ತೋರ್ಸೋ ಕೆಂಪು ಲೈನುಗಳು ಸಾಲಾಗಿ ಇಳ್ಯೋಕೆ ಶುರು. ರ‍್ಯಾಮ್ ತೆಗೆದು ಒಂದೊಂದೇ ಹಾಕಿ ನೋಡ್ದಾಗ ಒಂದು ರ‍್ಯಾಮ್ ಎರಡು ಸ್ಲಾಟಲ್ಲೂ ಕ್ಲೀನು, ಇನ್ನೊಂದು ಎರಡರಲ್ಲೂ ಎರರ್, ಅದ್ರ ಚಿನ್ನದ ಬಣ್ಣದ ಕಾಲುಗಳನ್ನ ರಬ್ಬರಲ್ಲಿ ಉಜ್ಜಿ ಹಾಕಿದ್ರೂ ಅದೇ ಹಾಡು. ಸ್ಲಾಟ್ ಎರಡೂ ಸರಿ ಇದ್ವು, ಮದರ್‌ಬೋರ್ಡ್ ಕಥೆ ಎಲ್ಲಿಂದ ಬಂತೋ ದೇವ್ರೇ ಬಲ್ಲ. ಒಳ್ಳೇದೊಂದೇ ರ‍್ಯಾಮ್ ಇಟ್ಟು ವಿಂಡೋಸ್ ಹಾಕ್ಕೊಟ್ಟೆ, ನಿಧಾನ, ಆದ್ರೆ ನೀಲಿ ಸ್ಕ್ರೀನ್ ಇಲ್ಲ.

ಈಗ ನೀವು ಏನ್ ಮಾಡ್ಬೇಕು ಅಂದ್ರೆ, ಡಾಟಾ ಬೇಕು ಅಂತಿದ್ರೆ ಟೆಸ್ಟಿಗೆ ಮುಂಚೆ ಡಿಸ್ಕ್ ಬಿಚ್ಚಿಸಿ ಬೇರೆ ಕಂಪ್ಯೂಟರಲ್ಲಿ ಕಾಪಿ ಮಾಡ್ಕೊಳ್ಳಿ. ಅದೇ ಲ್ಯಾಪ್‌ಟಾಪಲ್ಲಿ ಕಾಪಿ ಮಾಡೋಕೆ ಹೋಗ್ಬೇಡಿ, ರ‍್ಯಾಮ್ ಕೆಟ್ಟಿದ್ರೆ ಕಾಪಿ ಆದ ಫೈಲೂ ಕೆಡಬಹುದು. ಡಿಸ್ಕ್ ಹೊರಗಿದ್ರೆ ರ‍್ಯಾಮ್ ಟೆಸ್ಟ್ ಎಷ್ಟೊತ್ತು ಓಡ್ಸಿದ್ರೂ ಭಯ ಇಲ್ಲ, ಮೆಮ್‌ಟೆಸ್ಟಿಗೆ ಡಿಸ್ಕೇ ಬೇಡ. ಡಿಸ್ಕಿಂದ ಟಿಕ್ ಟಿಕ್ ಸೌಂಡ್ ಬರ್ತಿದ್ರೆ, ಇಲ್ಲಾ ಪೆಂಡಿಂಗ್ ಸೆಕ್ಟರ್ ನಂಬರ್ ಏರ್ತಾ ಇದ್ರೆ, ಓದೋ ಟೆಸ್ಟೂ ಬೇಡ, ಡಿಸ್ಕ್ ಸರಿ ಮಾಡೋ ವಿಂಡೋಸ್ ಪ್ರೋಗ್ರಾಂ ಚೆಕ್‌ಡಿಸ್ಕೂ ಬೇಡ, ಉಳಿದಿರೋ ಉಸಿರಲ್ಲಿ ಡಾಟಾ ಮೊದ್ಲು ಎತ್ಕೊಳ್ಳಿ. ಅಂಗಡಿಲಿ ಒಂದೇ ಪ್ರಶ್ನೆ ಕೇಳಿ, ಈ ಟೆಸ್ಟ್ ಡಿಸ್ಕ್ ಮೇಲೆ ಬರೆಯುತ್ತಾ ಇಲ್ವಾ? ಗೊತ್ತಿಲ್ಲ ಅಂದ್ರೆ ಲ್ಯಾಪ್‌ಟಾಪ್ ಎತ್ಕೊಂಡು ಎದ್ದು ಬನ್ನಿ.

ವಿಂಡೋಸ್ 10, 11 ಇರೋರಿಗೆ ಇನ್ನೊಂದು ಮಾತು. ಪೆನ್‌ಡ್ರೈವಿಂದ ಬೂಟ್ ಆಗ್ಲಿ ಅಂತ ಅಂಗಡಿಯವ್ರು ಗುರ್ತಿಲ್ಲದ ಪ್ರೋಗ್ರಾಂ ಬೂಟ್ ಆಗದಂಗೆ ತಡೆಯೋ ಸೆಕ್ಯೂರ್ ಬೂಟ್ ಆಫ್ ಮಾಡ್ತಾರೆ, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ಆಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳ್ಬೋದು. ಮೈಕ್ರೋಸಾಫ್ಟ್ ಅಕೌಂಟಲ್ಲಿ ಆ ಕೀ ಸೇವ್ ಆಗಿದ್ಯಾ ಅಂತ ನೋಡಿ ಒಂದು ಚೀಟೀಲಿ ಬರ್ಕೊಂಡೇ ಅಂಗಡಿ ಕಡೆ ಹೊರಡಿ.