ಕೈಗೆ ಸುದ್ದಿ ಮುಟ್ಟಿಸುವ ಸ್ಟೀರಿಂಗ್: ಲಾಜಿಟೆಕ್ ಜಿ29 ಜೊತೆ ಹದಿನಾಲ್ಕು ತಿಂಗಳು

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ನನ್ನದೊಂದು ವ್ಹೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಎಂಟು ಹತ್ತು ಕಾರುಗಳ ಸ್ಟೀರಿಂಗ್ ಹಿಡಿದು ಒಂದು ಸುತ್ತು ಓಡಿಸಿ ನೋಡುವುದು ನನ್ನ ಕೆಲಸ. ಗಾಡಿ ಎಡಕ್ಕೆ ಎಳೆಯುತ್ತಿದೆಯೋ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುತ್ತದೆಯೋ, ಎಂಬತ್ತರ ವೇಗದಲ್ಲಿ ನಡುಗುತ್ತದೆಯೋ ಎನ್ನುವುದು ಮಷೀನಿನ ಪರದೆಗಿಂತ ಮೊದಲೇ ಕೈಗೆ ಗೊತ್ತಾಗುತ್ತದೆ. ಮಗ ಪಿಎಸ್5ನಲ್ಲಿ (ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್) ಗ್ರ್ಯಾನ್ ಟುರಿಸ್ಮೊ 7 ಎಂಬ ಕಾರ್ ರೇಸಿನ ಆಟ ಆಡುತ್ತ, "ಅಪ್ಪಾಜಿ, ಇದಕ್ಕೂ ಸ್ಟೀರಿಂಗ್ ಬರುತ್ತೆ, ತಗೊಳ್ಳೋಣ" ಅಂದಾಗ ನಾನು ಕೇಳಿದ್ದು ಒಂದೇ ಮಾತು: "ಅದು ಕೈಗೆ ಏನಾದ್ರೂ ಹೇಳುತ್ತಾ?"

ಆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ಅವಸರ ಮಾಡಿ ಒಂದು ಅಗ್ಗದ ಸ್ಟೀರಿಂಗ್ ತಂದೆವು. 5,200 ರೂಪಾಯಿ. ಕಂಪನಿಯ ಹೆಸರು, ಅಂಗಡಿಯ ಹೆಸರು ಎರಡೂ ಬೇಡ. ಎಲ್ಲ ಕನ್ಸೋಲಿಗೂ ಆಗುತ್ತದೆ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು. ಮನೆಗೆ ತಂದು ಸಿಕ್ಕಿಸಿದರೆ ಆಟ ಅದನ್ನು ಸ್ಟೀರಿಂಗ್ ಎಂದು ಗುರುತಿಸಲೇ ಇಲ್ಲ. ಆಮೇಲೆ ತಿಳಿಯಿತು, ಕನ್ಸೋಲ್ ಎನ್ನುವುದು ಕಂಪ್ಯೂಟರಿನಂತೆ ಯಾವ ಉಪಕರಣ ಬಂದರೂ ಬಾಗಿಲು ತೆಗೆಯುವುದಿಲ್ಲ. ಪರವಾನಗಿ ಪಡೆದು, ತನ್ನ ಗುರುತನ್ನು ಸಾಬೀತು ಮಾಡುವ ಉಪಕರಣಕ್ಕಷ್ಟೇ ಒಳಗೆ ಪ್ರವೇಶ. ಅಗ್ಗದವುಗಳಲ್ಲಿ ಎಷ್ಟೋ ಸ್ಟೀರಿಂಗ್‌ಗಳು ಕನ್ಸೋಲಿನ ಜೊತೆ ಬರುವ, ಕೈಯಲ್ಲಿ ಹಿಡಿದು ಆಡುವ ಮೂಲ ಕಂಟ್ರೋಲರನ್ನು ತಂತಿಯಲ್ಲಿ ತಮಗೆ ಸಿಕ್ಕಿಸಿಕೊಂಡು, ಅದರ ಗುರುತು ತೋರಿಸಿ ಒಳಗೆ ಹೋಗುತ್ತವೆ. ಎಲ್ಲ ಆಟದಲ್ಲೂ ಅದು ನಡೆಯುವುದಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಬಿಚ್ಚಿ ನೋಡಿದೆ: ಸ್ಟೀರಿಂಗನ್ನು ಮಧ್ಯಕ್ಕೆ ಎಳೆಯಲು ಒಂದು ರಬ್ಬರ್ ಪಟ್ಟಿ, ಗಡಗಡ ನಡುಗಿಸಲು ಎರಡು ಪುಟ್ಟ ಮೋಟರು, ಅಷ್ಟೇ. ಗಾಡಿ ನಿಂತಿದ್ದರೂ ಅದೇ ಎಳೆತ, ನೂರೈವತ್ತರಲ್ಲಿ ಜಾರುತ್ತಿದ್ದರೂ ಅದೇ ಎಳೆತ. ಕೈಗೆ ಸುದ್ದಿಯೇ ಇಲ್ಲ.

ನಾನು ಸುದ್ದಿ ಅನ್ನುವುದು ಏನನ್ನು ಎಂದು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸ್ಟೀರಿಂಗ್ ಆರಿಸುವ ವಿದ್ಯೆಯೆಲ್ಲ ಇದರಲ್ಲೇ ಇದೆ. ಟೈರು ನೆಲವನ್ನು ಕಚ್ಚುವುದು ಸುಮಾರು ಅಂಗೈಯಷ್ಟು ಜಾಗದಲ್ಲಿ. ಚಕ್ರ ತಿರುಗಿಸಿದಾಗ ಆ ಜಾಗದ ಮುಂಭಾಗಕ್ಕಿಂತ ಹಿಂಭಾಗದಲ್ಲಿ ರಬ್ಬರು ಹೆಚ್ಚು ತಿರುಚಿಕೊಳ್ಳುತ್ತದೆ. ಬಲ ನಟ್ಟನಡುವೆ ಬೀಳದೆ ಚೂರು ಹಿಂದಕ್ಕೆ ಬೀಳುವುದರಿಂದ ಚಕ್ರ ನೇರವಾಗಲು ಹವಣಿಸುತ್ತದೆ. ಇದರ ಜೊತೆಗೆ ಕ್ಯಾಸ್ಟರ್ ಕೋನ ಸೇರುತ್ತದೆ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುತ್ತದಲ್ಲ, ಅದೇ ಲೆಕ್ಕ. ತಿರುವಿನಲ್ಲಿ ಸ್ಟೀರಿಂಗ್ ಕೈಗೆ ಭಾರ ಆಗುವುದು ಈ ಎರಡರಿಂದ. ಟೈರಿನಿಂದ ಇನ್ನೂ ಹೆಚ್ಚು ಕೇಳಿದಿರಿ ಅನ್ನಿ, ಆ ಅಂಗೈ ಜಾಗದ ಹಿಂಭಾಗ ಮೊದಲು ಜಾರತೊಡಗುತ್ತದೆ, ಬಲ ಮುಂದಕ್ಕೆ ಸರಿಯುತ್ತದೆ, ಸ್ಟೀರಿಂಗ್ ಹಗುರ ಆಗುತ್ತದೆ. ಹಿಡಿತ ಪೂರ್ತಿ ಹೋಗುವುದಕ್ಕೆ ಒಂದು ಗಳಿಗೆ ಮೊದಲೇ ಈ ಹಗುರ ಬರುತ್ತದೆ. ಮಳೆಗಾಲದಲ್ಲಿ ಹೈವೇ ಮೇಲೆ ನೀರು ನಿಂತಲ್ಲಿ ಜೋರಾಗಿ ಹೋದವರಿಗೆ ಇದರ ಅತಿರೇಕ ಗೊತ್ತು, ಸ್ಟೀರಿಂಗ್ ಬೆಣ್ಣೆಯಾಗಿಬಿಡುತ್ತದೆ. ಆಟದ ಸ್ಟೀರಿಂಗ್ ಈ ಭಾರವನ್ನೂ ಈ ಹಗುರವನ್ನೂ ಮೋಟರಿನಿಂದ ಕೈಗೆ ಮುಟ್ಟಿಸಿದರೆ ಅದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎಂದು ಹೆಸರು. ಬರೀ ನಡುಗುವುದಕ್ಕೆ ಆ ಹೆಸರು ಸಲ್ಲುವುದಿಲ್ಲ. ಡಬ್ಬದ ಮೇಲೆ "ವೈಬ್ರೇಶನ್" ಎಂದಷ್ಟೇ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಎರಡನೇ ಸಲ ಓದಿಕೊಂಡು ಹೋದೆ. ಮೊದಲು ನೋಡಬೇಕಾದ್ದು ಮನೆಯಲ್ಲಿರುವ ಕನ್ಸೋಲು. ಲಾಜಿಟೆಕ್‌ನ ಜಿ29 ಮತ್ತು ಜಿ920 ಎರಡೂ 2015ರವು, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಆದರೆ ಜಿ29 ಪ್ಲೇಸ್ಟೇಷನ್‌ಗೆ, ಜಿ920 ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ, ಅದಲುಬದಲು ನಡೆಯುವುದಿಲ್ಲ. 2020ರಲ್ಲಿ ಬಂದ ಜಿ923 ಒಂದೇ ಹೆಸರಿನಲ್ಲಿ ಎರಡು ಬಗೆಯಾಗಿ ಮಾರಾಟ ಆಗುತ್ತದೆ, ಡಬ್ಬದ ಮೇಲಿನ ಗುರುತು ಓದದೆ ಹಣ ಕೊಡಬೇಡಿ. ಥ್ರಸ್ಟ್‌ಮಾಸ್ಟರ್‌ನ ಟಿ248 ಕೂಡ ಹಾಗೆಯೇ. ಅದೇ ಕಂಪನಿಯ ಟಿ300ಆರ್‌ಎಸ್ ಪ್ಲೇಸ್ಟೇಷನ್‌ನದು. ಅದರಲ್ಲಿ ಹಲ್ಲಿನ ಗೇರ್ ಬದಲು ಬೆಲ್ಟ್ ಇರುವುದರಿಂದ ತಿರುಗುವುದು ನುಣುಪು, ಸದ್ದೂ ಕಡಿಮೆ. ನನಗೆ ಅದೇ ಬೇಕಿತ್ತು, ಹಣ ಸಾಲಲಿಲ್ಲ. ಹುಬ್ಬಳ್ಳಿಯ ಒಬ್ಬ ಹುಡುಗ ಕೆಲಸಕ್ಕೆಂದು ಊರು ಬಿಡುವಾಗ ಮಾರಿದ ಜಿ29 ನಮಗೆ 16,000ಕ್ಕೆ ಸಿಕ್ಕಿತು.

ಹದಿನಾಲ್ಕು ತಿಂಗಳಾಯಿತು. ಚರ್ಮ ಹೊದಿಸಿದ ಹಿಡಿ, ಎರಡು ಮೋಟರು, ಮೂರು ಪೆಡಲು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು. ರಸ್ತೆಯ ಮೇಲಿನ ಸಾಧಾರಣ ಕಾರುಗಳೂ ಎರಡೂವರೆಯಿಂದ ಮೂರೂವರೆ ಸುತ್ತಿನೊಳಗೇ ಇರುತ್ತವೆ, ಹಾಗಾಗಿ ಕೈಗೆ ಇದು ಹೊಸದೆನಿಸಲಿಲ್ಲ. ಅದರಲ್ಲಿ ಒಂದು ಸಣ್ಣ ಸ್ವಿಚ್ ಇದೆ, ಪಿಎಸ್3 ಮತ್ತು ಪಿಎಸ್4 ಎಂದು ಬರೆದಿದೆ. ಪಿಎಸ್5ಗೂ ಅದನ್ನು ಪಿಎಸ್4 ಕಡೆ ಇಡಬೇಕು. ಕರೆಂಟು, ಕನ್ಸೋಲು ಎರಡೂ ಸಿಕ್ಕ ಕೂಡಲೇ ಸ್ಟೀರಿಂಗ್ ತನ್ನಷ್ಟಕ್ಕೆ ಆ ಕೊನೆಗೂ ಈ ಕೊನೆಗೂ ಜೋರಾಗಿ ತಿರುಗಿ ಮಧ್ಯ ಯಾವುದೆಂದು ಅಳೆದುಕೊಳ್ಳುತ್ತದೆ. ಆಗ ಯಾರೂ ಮುಟ್ಟಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೆರಳುಗಳ ಮೇಲೆ ಕಣ್ಣಿಡಿ.

ಮೊದಲ ಎರಡು ವಾರ ನಾನು ಓಡಿಸಿದ್ದು ತ್ಸುಕುಬಾ ಒಂದನ್ನೇ. ಜಪಾನಿನ ಆ ಟ್ರ್ಯಾಕು ಎರಡು ಕಿಲೋಮೀಟರಿಗೆ ಚೂರು ಹೆಚ್ಚು, ಒಂದು ನಿಮಿಷದ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಯುತ್ತದೆ. ಕಾರು ಸುಜುಕಿ ಸ್ವಿಫ್ಟ್ ಸ್ಪೋರ್ಟ್. ಅಂಗಡಿಗೆ ದಿನವೂ ಬರುವ ಸ್ವಿಫ್ಟ್‌ಗಳ ದಾಯಾದಿ ಅದು, ಕೈಗೆ ಪರಿಚಯ. ಅಲ್ಲಿನ ಕೊನೆಯ ತಿರುವು ಉದ್ದನೆಯ ಬಲತಿರುವು, ಸುದ್ದಿ ಕೇಳುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಆಕ್ಸಿಲರೇಟರ್ ಮೆಲ್ಲಗೆ ಒತ್ತುತ್ತ ಹೋದರೆ ಸ್ಟೀರಿಂಗ್ ಭಾರವಾಗುತ್ತ ಬರುತ್ತದೆ, ಒಂದು ಹಂತದಲ್ಲಿ ಆ ಭಾರ ತಟ್ಟನೆ ಕರಗುತ್ತದೆ. ಪರದೆಯಲ್ಲಿ ಕಾರಿನ ಮೂತಿ ಹೊರಗೆ ಸರಿಯುವುದು ಅದಾದ ಮೇಲೆ. ಭಾರ ಕರಗಿದ ಕ್ಷಣಕ್ಕೆ ಕಾಲನ್ನು ಚೂರು ಸಡಿಲಿಸಿದರೆ ಟೈರು ಮತ್ತೆ ಕಚ್ಚುತ್ತದೆ, ಭಾರ ವಾಪಸ್ ಬರುತ್ತದೆ. ಅದು ಮೊದಲ ಸಲ ಕೈಗೆ ಸ್ಪಷ್ಟವಾಗಿ ಸಿಕ್ಕ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹತ್ತೊಂಬತ್ತು ವರ್ಷ ಚಕ್ರಗಳ ಕೋನ ತಿದ್ದಿದವನಿಗೆ, ಟೈರಿನ ಆ ಕೊನೆಯ ಅಂಚಿನಲ್ಲಿ ಅಷ್ಟು ಹೊತ್ತು ನಿಂತು ನೋಡುವ ಅವಕಾಶ ರಸ್ತೆಯ ಮೇಲೆ ಎಂದೂ ಸಿಕ್ಕಿರಲಿಲ್ಲ, ಸಿಗಲೂಬಾರದು.

ಹೊಸದಾಗಿ ಸ್ಟೀರಿಂಗ್ ತಂದವರಿಗೆ ಒಂದು ಮಾತು. ಮೊದಮೊದಲು ನೀವು ಕಂಟ್ರೋಲರಿಗಿಂತ ನಿಧಾನ ಆಗುತ್ತೀರಿ. ಕಂಟ್ರೋಲರಿನಲ್ಲಿ ನಿಮ್ಮ ಹೆಬ್ಬೆರಳಿನ ಒರಟುತನವನ್ನು ಆಟವೇ ನಯ ಮಾಡಿಕೊಡುತ್ತಿತ್ತು, ಇಲ್ಲಿ ಆ ಸಹಾಯ ಇಲ್ಲ. ನನ್ನ ಮಗ ನಾಲ್ಕನೇ ದಿನಕ್ಕೆ ಬೇಸರಪಟ್ಟು ಮತ್ತೆ ಕಂಟ್ರೋಲರ್ ಹಿಡಿದ, ಮೂರನೇ ವಾರಕ್ಕೆ ತಾನಾಗಿ ವಾಪಸ್ ಬಂದ.

ಆಟದ ಸೆಟ್ಟಿಂಗ್‌ನಲ್ಲಿ ಫೋರ್ಸ್ ಫೀಡ್‌ಬ್ಯಾಕಿಗೆ ಎರಡು ಅಂಕಿ ಇವೆ: ಗರಿಷ್ಠ ಟಾರ್ಕ್ (ತಿರುಚುವ ಬಲ), ಸೆನ್ಸಿಟಿವಿಟಿ. ಎಲ್ಲವನ್ನೂ ಹತ್ತಕ್ಕೆ ಏರಿಸುವುದು ಎಲ್ಲರ ಆಸೆ. ಮೋಟರಿನ ಶಕ್ತಿಗೆ ಒಂದು ಮಿತಿ ಇದೆ. ಆಟ ಅದಕ್ಕಿಂತ ಹೆಚ್ಚು ಕೇಳಿದರೆ ಭಾರವಾದ ತಿರುವೂ ಇನ್ನೂ ಭಾರವಾದ ತಿರುವೂ ಕೈಗೆ ಒಂದೇ ಥರ ಆಗುತ್ತದೆ, ನಮಗೆ ಬೇಕಾದ ಆ ಹಗುರ ಅದರಲ್ಲೇ ಮುಚ್ಚಿಹೋಗುತ್ತದೆ. ನಾನು ಟಾರ್ಕ್ 6, ಸೆನ್ಸಿಟಿವಿಟಿ 2ರಲ್ಲಿ ನಿಂತಿದ್ದೇನೆ.

ಜಿ29ರಂತೆ ಗೇರಿನ ಹಲ್ಲುಗಳಿಂದ ನಡೆಯುವ ಸ್ಟೀರಿಂಗ್ ಯಾವುದೇ ಇರಲಿ, ಎರಡು ಗುಣ ಅದರ ಜೊತೆಗೇ ಬರುತ್ತವೆ. ಒಂದು, ಕಟಕಟ ಸದ್ದು. ರಾತ್ರಿ ಹತ್ತರ ಮೇಲೆ ಪಕ್ಕದ ಕೋಣೆಗೂ ಕೇಳುತ್ತದೆ. ಇನ್ನೊಂದು, ನಟ್ಟನಡುವೆ ಕೂದಲೆಳೆಯಷ್ಟು ಸತ್ತ ಜಾಗ, ಹಲ್ಲಿಗೆ ಹಲ್ಲು ತಾಗುವವರೆಗಿನ ಆಟ. ನಮ್ಮ ಭಾಷೆಯಲ್ಲಿ ಸ್ಟೀರಿಂಗ್ "ಪ್ಲೇ". ನೇರ ರಸ್ತೆಯಲ್ಲಿ ಗೊತ್ತಾಗುತ್ತದೆ, ತಿರುವಿನಲ್ಲಿ ಮರೆತುಹೋಗುತ್ತದೆ.

ಪೆಡಲುಗಳ ಬಗ್ಗೆ ಜನ ಸ್ಟೀರಿಂಗಿನಷ್ಟು ಮಾತಾಡುವುದಿಲ್ಲ, ಮಾತಾಡಬೇಕು. ನಿಜವಾದ ಕಾರಿನ ಬ್ರೇಕು ಎಷ್ಟು ಕೆಳಗೆ ಹೋಯಿತು ಎನ್ನುವುದಕ್ಕಿಂತ ಎಷ್ಟು ಒತ್ತಿದಿರಿ ಎನ್ನುವುದಕ್ಕೆ ಬೆಲೆ ಕೊಡುತ್ತದೆ. ಈ ದರ್ಜೆಯ ಪೆಡಲುಗಳು ಅಳೆಯುವುದು ದೂರವನ್ನು. ಜಿ29ರ ಬ್ರೇಕಿನೊಳಗೆ ಒಂದು ರಬ್ಬರ್ ತುಂಡು ಇಟ್ಟಿದ್ದಾರೆ, ಕೊನೆಯ ಭಾಗದಲ್ಲಿ ಕಾಲಿಗೆ ಬಿಗಿ ಹತ್ತುತ್ತದೆ. ಗಟ್ಟಿ ಎಂದು ಅದನ್ನು ಕಿತ್ತುಹಾಕುವವರಿದ್ದಾರೆ, ನಾನು ಕೀಳಲಿಲ್ಲ. ಕಾಲಿಗೆ ನೆನಪಿಡಲು ಬೇಕಾದ್ದು ಬಿಗಿತವೇ. ಒತ್ತಡವನ್ನೇ ಅಳೆಯುವ ಲೋಡ್ ಸೆಲ್ ಪೆಡಲು ಮುಂದೊಂದು ದಿನ ತೆಗೆದುಕೊಳ್ಳುವ ಆಸೆ ಇದೆ.

ಆದರೆ ಗಟ್ಟಿ ಬ್ರೇಕಿಗೆ ಗಟ್ಟಿ ನೆಲೆ ಬೇಕು. ನಮ್ಮ ಮನೆಗಳಲ್ಲಿ ನೆಲ ಟೈಲ್ಸು. ಈ ಪೆಡಲಿನ ತಳದಲ್ಲಿರುವ ಹಲ್ಲುಗಳು ರತ್ನಗಂಬಳಿಯನ್ನು ಕಚ್ಚಲೆಂದು ಮಾಡಿದವು, ಟೈಲ್ಸಿನ ಮೇಲೆ ಅವುಗಳಿಂದ ಪ್ರಯೋಜನ ಇಲ್ಲ. ಜೋರಾಗಿ ಬ್ರೇಕ್ ಒತ್ತಿದರೆ ಪೆಡಲು ಮುಂದಕ್ಕೆ ಹೋಗುತ್ತದೆ, ಗಾಲಿ ಇರುವ ಕುರ್ಚಿ ಹಿಂದಕ್ಕೆ ಹೋಗುತ್ತದೆ. ಮೊದಲು ಲಾರಿಯ ಹಳೇ ಟ್ಯೂಬ್ ಕತ್ತರಿಸಿ ಪೆಡಲಿನ ಕೆಳಗೆ ಹಾಸಿದೆ, ಅರ್ಧ ತೊಂದರೆ ಹೋಯಿತು. ಆಮೇಲೆ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಒಂದೂವರೆ ಇಂಚಿನ ಚೌಕ ಪೈಪಿನಲ್ಲಿ ಒಂದು ಚೌಕಟ್ಟು ಮಾಡಿಸಿದೆ, ಗುಜರಿಯಿಂದ ಮಾರುತಿ 800ರ ಡ್ರೈವರ್ ಸೀಟು ತಂದು ಅದಕ್ಕೆ ಬೋಲ್ಟ್ ಹಾಕಿಸಿದೆ. ಸೀಟೂ ಸೇರಿ ಎಲ್ಲ 4,100 ರೂಪಾಯಿ. ಅಳತೆಗೆ ಅಂಗಡಿಯಲ್ಲಿ ಹೇಳುವ ಸೂತ್ರವನ್ನೇ ಹಿಡಿದೆ: ಬೆನ್ನು ಸೀಟಿಗೆ ಒರಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ನೆತ್ತಿಯ ಮೇಲೆ ಕೂರಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಚೂರು ಬಾಗಿರಬೇಕು. ಚೌಕಟ್ಟು ಬಂದ ವಾರವೇ ತ್ಸುಕುಬಾದಲ್ಲಿ ನನ್ನ ಸಮಯ ಒಂದು ಸೆಕೆಂಡಿಗಿಂತ ಹೆಚ್ಚು ಇಳಿಯಿತು. ಸ್ಟೀರಿಂಗು ಅದೇ, ಕಾರು ಅದೇ. ಮೊದಲು ಸ್ಟೀರಿಂಗನ್ನು ಮೇಜಿಗೆ ಸಿಕ್ಕಿಸಿದ್ದಾಗ ಮೇಜು ಅಲ್ಲಾಡಿ, ಮೋಟರು ಕೊಟ್ಟ ಸುದ್ದಿಯಲ್ಲಿ ಎಷ್ಟೋ ಭಾಗ ಮೇಜಿಗೇ ಹೋಗುತ್ತಿತ್ತು, ನನ್ನ ಕೈವರೆಗೆ ಬರುತ್ತಿರಲಿಲ್ಲ.

ಗೇರ್ ಲಿವರ್ ಬೇರೆಯೇ ಕೊಳ್ಳಬೇಕು, ಆರು ಗೇರಿನದು. ತೆಗೆದುಕೊಳ್ಳುವುದಾದರೆ ಎಡಗಡೆ ಕೂರಿಸಿ, ನಮ್ಮ ಎಡಗೈಗೆ ಆ ಕೆಲಸ ಗೊತ್ತು.

ಕಳೆದ ದಸರಾಕ್ಕೆ ಬೆಂಗಳೂರಿಗೆ ಹೋದಾಗ ಅಕ್ಕನ ಮಗನ ಮನೆಯಲ್ಲಿ ಡೈರೆಕ್ಟ್ ಡ್ರೈವ್ ಸ್ಟೀರಿಂಗ್ ಹಿಡಿದು ನೋಡಿದೆ, ಫನಾಟೆಕ್‌ನ ಗ್ರ್ಯಾನ್ ಟುರಿಸ್ಮೊ ಡಿಡಿ ಪ್ರೊ. ಅದರಲ್ಲಿ ಗೇರೂ ಇಲ್ಲ, ಬೆಲ್ಟೂ ಇಲ್ಲ. ಮೋಟರಿನ ದಂಡಕ್ಕೇ ಸ್ಟೀರಿಂಗ್. ತಿರುಚುವ ಬಲ 5 ನ್ಯೂಟನ್ ಮೀಟರ್. ಕಾರಿನ ಚಕ್ರದ ನಟ್ಟಿಗೆ ನಾವು ನೂರರ ಆಸುಪಾಸು ಹಾಕುತ್ತೇವೆ, ಐದು ಯಾವ ಲೆಕ್ಕ ಅನ್ನಿಸಬಹುದು. 28 ಸೆಂಟಿಮೀಟರ್ ಅಗಲದ ಹಿಡಿಯ ಅಂಚಿನಲ್ಲಿ ಅದು ಮೂರೂವರೆ ಕಿಲೋ ತೂಕ ಎಳೆದಂತೆ ಆಗುತ್ತದೆ. ಅರ್ಧ ಗಂಟೆಗೆ ನನ್ನ ಮುಂಗೈ ಬಿಗಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಶಕ್ತಿ ಅಲ್ಲ, ಸೂಕ್ಷ್ಮ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 20.8 ಕಿಲೋಮೀಟರಿನ ನಾರ್ಡ್‌ಶ್ಲೈಫೆ ಟ್ರ್ಯಾಕಿನಲ್ಲಿ ಕಾರುಸೆಲ್ ಎಂಬ ಕಾಂಕ್ರೀಟಿನ ಬಾಣಲೆಯಂಥ ತಿರುವಿದೆ. ನನ್ನ ಸ್ಟೀರಿಂಗಿನಲ್ಲಿ ಅದು ಒಂದೇ ಸಮನೆ ಗಡಗಡ. ಡೈರೆಕ್ಟ್ ಡ್ರೈವ್‌ನಲ್ಲಿ ಕಾಂಕ್ರೀಟಿನ ಒಂದೊಂದು ಜೋಡಣೆಯೂ ಬೇರೆ ಬೇರೆಯಾಗಿ ಎಣಿಸುವಂತೆ ಬಂತು. ಹಣ ಇದ್ದವರು ಯೋಚಿಸದೆ ಅದನ್ನೇ ತೆಗೆದುಕೊಳ್ಳಲಿ.

ಒಮ್ಮೆ ಲಾರಿ ಟೈರಿಗೆ ಬಂದ ಹಿರಿಯ ಡ್ರೈವರೊಬ್ಬರು ಅಂಗಡಿಯ ಹಿಂದಿನ ಕೋಣೆಯಲ್ಲಿರುವ ನನ್ನ ಆಟದ ಸೀಟಿನಲ್ಲಿ ಹತ್ತು ನಿಮಿಷ ಕೂತರು. ಇಳಿದು, "ಕೈಗೆ ಗೊತ್ತಾಗುತ್ತೆ ಮಾಲೀಕ್ರೇ, ಬೆನ್ನಿಗೆ ಗೊತ್ತಾಗಲ್ಲ" ಅಂದರು. ಅವರು ಹೇಳಿದ್ದು ಸರಿ. ಗಾಡಿಯ ಹಿಂಭಾಗ ಜಾರುವುದನ್ನು ಮೊದಲು ಹೇಳುವುದು ಸೀಟು, ಇಲ್ಲಿ ಸೀಟು ಮೂಕ. ಆ ಕೊರತೆಯನ್ನು ಟೈರಿನ ಕಿರುಚಾಟ ಕೇಳಿ ತುಂಬಿಕೊಳ್ಳಬೇಕು. ಅದಕ್ಕೇ ಟಿವಿಯ ಸದ್ದು ತಗ್ಗಿಸಿ ಆಡಬೇಡಿ, ಹೆಡ್‌ಫೋನ್ ಹಾಕಿಕೊಳ್ಳಿ.

ನನ್ನಂತೆ ಹಳೆಯದನ್ನು ಕೊಳ್ಳುವವರು ಮಾರುವವರ ಮನೆಗೇ ಹೋಗಿ, ಕನ್ಸೋಲಿಗೆ ಸಿಕ್ಕಿಸಿಯೇ ನೋಡಿ. ತಾನಾಗಿ ತಿರುಗಿ ಅಳೆದುಕೊಳ್ಳುವಾಗ ಎಲ್ಲೂ ತಡವರಿಸಬಾರದು, ನಿಂತ ಮೇಲೆ ಹಿಡಿ ನೆಟ್ಟಗಿರಬೇಕು. ನೇರ ರಸ್ತೆಯಲ್ಲಿ ಕೈಬಿಟ್ಟರೆ ಕಾರು ಪಕ್ಕಕ್ಕೆ ಸರಿಯಬಾರದು. ಬ್ರೇಕನ್ನು ಇಂಚಿಂಚಾಗಿ ಒತ್ತಿ ಪರದೆಯ ಮೇಲಿನ ಪಟ್ಟಿಯನ್ನು ಗಮನಿಸಿ. ಪಟ್ಟಿ ಚಿಮ್ಮಿ ಚಿಮ್ಮಿ ಏರಿದರೆ ಒಳಗೆ ಧೂಳು ಸೇರಿದೆ ಎಂದರ್ಥ, ಬಿಚ್ಚಿ ಶುಚಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಅಷ್ಟು ಬೆಲೆ ಇಳಿಸಿ ಕೇಳಿ. ಅಡಾಪ್ಟರ್ ಮೂಲದ್ದೇ ಇದೆಯೇ ನೋಡಿ. ಕೊನೆಗೆ ಯಾವುದಾದರೂ ಉದ್ದನೆಯ ತಿರುವಿಗೆ ಕಾರು ಒಯ್ದು, ಆಕ್ಸಿಲರೇಟರ್ ಹೆಚ್ಚಿಸುತ್ತ ಹೋಗಿ. ಭಾರ ಕರಗುವ ಆ ಗಳಿಗೆ ಕೈಗೆ ಸಿಕ್ಕಿತು ಅಂದರೆ ಹಣ ಎಣಿಸಿ ಕೊಟ್ಟು ಬನ್ನಿ.